ಬಾಡಿಗೆ ಮನೆ: ಬಚ್ಚಲಿಗೆ ಗಾಳಿ, ಬಾಗಿಲಿಗೆ ಕೀಲಿ

ಬಾಡಿಗೆ ಮನೆಗಳ ಅಡುಗೆಮನೆ, ಬಚ್ಚಲು ಮತ್ತು ತುರ್ತಿನಲ್ಲಿ ಹೊರಬೀಳುವ ದಾರಿ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಓದುಗರು ಕೇಳಿದ ಪ್ರಶ್ನೆಗಳಿಗೆ ನಮ್ಮ ಸಿವಿಲ್ ಎಂಜಿನಿಯರ್ ಉತ್ತರಿಸಿದ್ದಾರೆ.

ಪ್ರಶ್ನೆ: ತಿಲಕವಾಡಿಯಲ್ಲಿ ಬಾಡಿಗೆಗೆ ಇದ್ದೇವೆ. ಗ್ಯಾಸ್ ಗೀಸರ್ ಬಚ್ಚಲ ಒಳಗೇ ಇದೆ. ಕಿಟಕಿ ಇಲ್ಲ. ಬಾಗಿಲ ಮೇಲೆ ಸಣ್ಣ ಜಾಲರಿ ಇತ್ತು, ಥಂಡಿ ಗಾಳಿ ಬರುತ್ತದೆಂದು ಅದಕ್ಕೂ ರಟ್ಟು ಹೊಡೆದಿದ್ದೇವೆ. ಈ ಮಳೆಗಾಲದಲ್ಲಿ ನನ್ನ ಹೆಂಡತಿಗೆ ಸ್ನಾನ ಮಾಡುವಾಗ ಎರಡು ಸಲ ತಲೆ ಸುತ್ತು ಬಂತು. ಬಿಪಿ ಸರಿಯಾಗಿದೆ. ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಕು ಅನ್ನುತ್ತಾರೆ ಮಾಲಕರು. ಸಾಕಾ?

ಉತ್ತರ: ಸಾಲದು. ಆ ಗೀಸರನ್ನು ಇವತ್ತೇ ಬಂದ್ ಮಾಡಿ. ಸದ್ಯಕ್ಕೆ ಅಡುಗೆಮನೆಯ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ. ರಟ್ಟನ್ನೂ ಕಿತ್ತು ಹಾಕಿ. ನಿಮ್ಮ ಹೆಂಡತಿಯವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಗೀಸರ್ ವಿಷಯವನ್ನು ಮರೆಯದೆ ಹೇಳಿ. ಹೇಳದಿದ್ದರೆ ಅವರಿಗೆ ಇದು ಹೊಳೆಯದೇ ಹೋಗಬಹುದು.

ಗೀಸರಿನ ಉರಿಗೆ ಆಮ್ಲಜನಕ ಬೇಕು. ಸ್ನಾನ ಮತ್ತು ಸಂಡಾಸು ಒಟ್ಟಿಗೇ ಇರುವ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ (ಕಟ್ಟಡಗಳ ಅಳತೆ, ಸುರಕ್ಷತೆಗೆ ದೇಶಮಟ್ಟದ ಶಿಫಾರಸು) ಹೇಳುವ ಕನಿಷ್ಠ ಅಳತೆ 2.8 ಚದರ ಮೀಟರ್ ನೆಲ, 2.1 ಮೀಟರ್ ಎತ್ತರ. ಲೆಕ್ಕ ಹಾಕಿದರೆ ಅದರಲ್ಲಿ 6 ಘನ ಮೀಟರಿನಷ್ಟೂ ಗಾಳಿ ಇಲ್ಲ. ಬಾಗಿಲು ಹಾಕಿ ಗೀಸರ್ ಹಚ್ಚಿದರೆ ಆ ಸ್ವಲ್ಪ ಗಾಳಿಯನ್ನು ಉರಿಯೂ ತಿನ್ನುತ್ತದೆ, ನೀವೂ ಉಸಿರಾಡುತ್ತೀರಿ. ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಪೂರ್ತಿ ಉರಿಯುವುದಿಲ್ಲ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗಲಿ ಎಂದು ಎಲ್‌ಪಿಜಿಗೆ ವಾಸನೆ ಬೆರೆಸಿರುತ್ತಾರೆ, ಆದರೆ ಉರಿದ ಮೇಲೆ ಆ ವಾಸನೆ ಉಳಿಯುವುದಿಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆ ಭಾರ, ವಾಕರಿಕೆ, ಆಮೇಲೆ ಕಾಲಲ್ಲಿ ಶಕ್ತಿಯೇ ಇರುವುದಿಲ್ಲ. ಹೊರಗೆ ಹೋಗಬೇಕು ಅನ್ನಿಸುವ ಹೊತ್ತಿಗೆ ಚಿಲಕದ ತನಕ ಹೋಗಲು ಆಗುವುದಿಲ್ಲ. ಬಚ್ಚಲಲ್ಲಿ ಸಾಯುವವರು ಸಾಯುವುದು ಹೀಗೆ.

ಇನ್ನು ಫ್ಯಾನ್ ಮಾತು. ಒಳಗಿನ ಗಾಳಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗೆ ಬರಲು ದಾರಿ ಬೇಕಲ್ವಾ? ಬಾಗಿಲ ಸಂದಿಯನ್ನೂ ಮುಚ್ಚಿ ಫ್ಯಾನ್ ಹಾಕಿದರೆ ಅದು ಸುಮ್ನೆ ತಿರುಗುತ್ತದೆ, ಅಷ್ಟೇ. ಮೇಲಾಗಿ ಬೆಳಗಾವಿ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಫ್ಯಾನ್ ನಿಂತರೂ ಗೀಸರ್ ಉರಿಯುತ್ತಲೇ ಇರುತ್ತದೆ.

ಸರಿಯಾದ ದಾರಿ ಒಂದೇ: ಗ್ಯಾಸ್ ಗೀಸರ್ ಬಚ್ಚಲ ಹೊರಗೆ, ಗಾಳಿಯಾಡುವ ಬಾಲ್ಕನಿಯಲ್ಲೋ ಹಿತ್ತಲ ಗೋಡೆಯಲ್ಲೋ ಇರಬೇಕು. ಒಳಗೆ ಬಿಸಿನೀರಿನ ಪೈಪ್ ಮಾತ್ರ ಬರಬೇಕು. ಪ್ಲಂಬರಿಗೆ ಇದು ದೊಡ್ಡ ಕೆಲಸವೇ ಅಲ್ಲ. ಬಾಲ್ಕನಿಗೆ ಗಾಜು ಹಾಕಿ ಮುಚ್ಚಿದ್ದರೆ ಅಲ್ಲೂ ಬೇಡ. ಅದಾಗದಿದ್ದರೆ ಕರೆಂಟ್ ಗೀಸರ್ ಹಾಕಿಸಿ. 16 ಆ್ಯಂಪಿಯರಿನ ಬೇರೆಯೇ ಸಾಕೆಟ್, ಸರಿಯಾದ ಅರ್ಥಿಂಗ್, 30 ಮಿಲಿಆ್ಯಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಮಾಡುವ ಸ್ವಿಚ್) ಇರಲಿ. ಹಳೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥಿಂಗ್ ತಂತಿಯೇ ಇರುವುದಿಲ್ಲ. ಬಿಚ್ಚಿಸಿ ನೋಡಿ.

ಎರಡರಲ್ಲಿ ಯಾವುದಾದರೂ ಸರಿ, ಬಚ್ಚಲಿಗೆ ಕಿಟಕಿ ಅಥವಾ ವೆಂಟಿಲೇಟರ್ ಬೇಕೇ ಬೇಕು. ಬಚ್ಚಲ ಒಂದು ಗೋಡೆಯಾದರೂ ಹೊರಗಿನ ಗಾಳಿಗೆ ತೆರೆದಿರಬೇಕು ಎನ್ನುತ್ತದೆ ಸಂಹಿತೆ. ನಿಮ್ಮಲ್ಲಿ ಮೊದಲು ಕಿಟಕಿ ಇದ್ದು, ಮುಂದೆ ಇನ್ನೊಂದು ಕೋಣೆ ಕಟ್ಟಿದಾಗ ಮುಚ್ಚಿ ಹೋಗಿರಬಹುದು. ಮಾಲಕರನ್ನು ಕೇಳಿ. ಬಚ್ಚಲ ಒಳಗಿನ ಅಗುಳಿಯನ್ನೂ ಬದಲಿಸಿ. ಅವಸರಕ್ಕೆ ಹೊರಗಿನಿಂದ ನಾಣ್ಯ ತೂರಿಸಿ ತೆಗೆಯುವ ಲಾಕ್ ಅಂಗಡಿಯಲ್ಲಿ ಸಿಗುತ್ತದೆ. ಯಾರಾದರೂ ಒಳಗೆ ಬಿದ್ದರೆ ಮೊದಲು ಬಾಗಿಲು ತೆಗೆದು ಅವರನ್ನು ಬಯಲಿಗೆ ಎಳೆದು ತನ್ನಿ, ಆಮೇಲೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ವಿಜಯಪುರದ ಆಶ್ರಮ ರಸ್ತೆ ಕಡೆ ಒಂದು ಮನೆ ನೋಡಿದೆ. ಮೇಲಿನ ಮಹಡಿಗೆ ಹೋಗುವ ಪಾವಟಿಗೆ ಕೆಳಗಿನ ಜಾಗಕ್ಕೆ ಗೋಡೆ ಕಟ್ಟಿ ಅಡುಗೆಮನೆ ಮಾಡಿದ್ದಾರೆ. ಇಬ್ಬರಿಗೆ ಇಷ್ಟು ಸಾಕಲ್ಲವೇ ಎನ್ನುತ್ತಾರೆ ಮಾಲಕರು. ಬಾಡಿಗೆ ಕಡಿಮೆ ಇದೆ. ಒಪ್ಪಿಕೊಳ್ಳಬಹುದಾ?

ಉತ್ತರ: ಬೇಡ. ಇಕ್ಕಟ್ಟು ಅನ್ನುವುದಕ್ಕಿಂತ ದೊಡ್ಡ ಕಾರಣ ಇದೆ. ಮೇಲಿನವರಿಗೆ ಕೆಳಗೆ ಇಳಿಯಲು ಇರುವುದು ಆ ಪಾವಟಿಗೆ ಒಂದೇ. ಅದರ ಕೆಳಗೇ ಒಲೆ, ಸಿಲಿಂಡರ್ ಇಟ್ಟರೆ ಬೆಂಕಿ ಬಿದ್ದ ದಿನ ಮೊದಲು ಹೋಗುವುದು ಅವರ ದಾರಿ. ವಾಸದ ಕೋಣೆಯಾಗಲಿ, ಸಾಮಾನಿನ ಕೋಣೆಯಾಗಲಿ, ಬೆಂಕಿಯ ಅಪಾಯ ಇರುವ ಇನ್ನಾವುದೇ ಜಾಗವಾಗಲಿ ನೇರವಾಗಿ ಮೆಟ್ಟಿಲಿಗೆ ತೆರೆದುಕೊಳ್ಳಬಾರದು, ಮೆಟ್ಟಿಲಿನ ಜಾಗದಲ್ಲಿ ಗ್ಯಾಸ್ ಪೈಪ್ ಹಾಯಬಾರದು ಎಂದು ಸಂಹಿತೆಯಲ್ಲಿದೆ.

ಅಳತೆ ಹೇಳಬೇಕೆಂದರೆ, ಊಟದ ಕೋಣೆ ಬೇರೆ ಇದ್ದಾಗ ಅಡುಗೆಮನೆ ಕನಿಷ್ಠ 5 ಚದರ ಮೀಟರ್ ಇರಬೇಕು, ಅಂದರೆ ಸುಮಾರು 54 ಚದರ ಅಡಿ. ಅಗಲ 1.8 ಮೀಟರ್, ಅಂದರೆ 6 ಅಡಿ. ಅಲ್ಲೇ ಊಟವನ್ನೂ ಮಾಡುವುದಾದರೆ 7.5 ಚದರ ಮೀಟರ್, ಅಗಲ 2.1 ಮೀಟರ್. ಎತ್ತರ 2.75 ಮೀಟರ್, ಹೆಚ್ಚು ಕಡಿಮೆ 9 ಅಡಿ. ಇಳಿಜಾರು ತಲೆಗೆ ತಾಗುವ ಜಾಗದಲ್ಲಿ ಈ ಎತ್ತರ ಎಲ್ಲಿಂದ ಬರಬೇಕು? ಇನ್ನು ಕಿಟಕಿ: 1 ಚದರ ಮೀಟರಿಗೆ ಕಡಿಮೆ ಇಲ್ಲದಂತೆ, ಬಯಲಿಗೆ ಅಥವಾ ಒಳ ಅಂಗಳಕ್ಕೆ ನೇರ ತೆರೆಯಬೇಕು. ಪೈಪುಗಳು ಇಳಿಯುವ ಕಿರಿದಾದ ಡಕ್ಟಿಗೆ ತೆರೆದರೆ ಲೆಕ್ಕಕ್ಕಿಲ್ಲ. ಪಾತ್ರೆ ತೊಳೆದ ನೀರು ಜಾಲರಿ, ಟ್ರ್ಯಾಪ್ (ವಾಸನೆ ತಡೆಯುವ ಬಾಗಿದ ಪೈಪ್) ದಾಟಿ ಪೈಪಿಗೆ ಹೋಗಬೇಕು, ನೆಲ ನೀರು ಹೀರಬಾರದು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದು ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ.

ಬೇರೆ ಮನೆ ನೋಡುವಾಗ ಅಡುಗೆ ಕಟ್ಟೆಯ ಕೆಳಗೆ ಬಗ್ಗಿ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರಿನಂತೆ ಹರಡುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಕಪಾಟಿಗೆ ಬಾಗಿಲು ಇದ್ದರೆ ಅದರ ಬುಡದಲ್ಲಿ, ನೆಲಕ್ಕೆ ಹತ್ತಿರ, ತೂತು ಇರಬೇಕು. ಮೇಲೆ ಮಾತ್ರ ತೂತು ಕೊರೆದಿದ್ದರೆ ಅದು ನೋಟಕ್ಕೆ ಅಷ್ಟೇ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ನೆಲಮಟ್ಟಕ್ಕಿಂತ ತಗ್ಗಿನ ಕೋಣೆಯಲ್ಲಿ ಸಿಲಿಂಡರ್ ಬೇಡವೇ ಬೇಡ. ಹಿಂದಿನ ಬಾಡಿಗೆದಾರರು ಬಿಟ್ಟು ಹೋದ ರಬ್ಬರ್ ಪೈಪನ್ನು ಬಳಸಬೇಡಿ, ಹೊಸ ಸುರಕ್ಷಾ ಹೋಸ್ ತನ್ನಿ. ಅದರ ಮೇಲೆ ಮುದ್ರಿಸಿರುವ ವರ್ಷವನ್ನೂ ನೋಡಿ. ಸೋರಿಕೆ ಅನ್ನಿಸಿದರೆ ಸ್ವಿಚ್ ಮುಟ್ಟದೆ, ಕಿಟಕಿ ಬಾಗಿಲು ತೆಗೆದು, ರೆಗ್ಯುಲೇಟರ್ ಬಂದ್ ಮಾಡಿ ಹೊರಗೆ ಬನ್ನಿ. ಹೊರಗೆ ನಿಂತು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮಗಳು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಪಿಜಿಯಲ್ಲಿದ್ದು ಓದುತ್ತಿದ್ದಾಳೆ. ರಾತ್ರಿ 9ಕ್ಕೆ ಮೆಟ್ಟಿಲ ಬಳಿಯ ಕಬ್ಬಿಣದ ಗೇಟಿಗೆ ಹೊರಗಿನಿಂದ ಕೀಲಿ ಹಾಕುತ್ತಾರೆ. ಮಾಲಕರು ಬೇರೆ ಮನೆಯಲ್ಲಿರುತ್ತಾರೆ. ಕೇಳಿದರೆ, ಹೆಣ್ಣುಮಕ್ಕಳ ಸುರಕ್ಷತೆಗೇ ಹೀಗೆ ಮಾಡಿದ್ದೇವೆ ಅಂತಾರೆ. ಕಿಟಕಿಗೆಲ್ಲ ಗ್ರಿಲ್ ಇದೆ. ಏನು ಮಾಡಲಿ?

ಉತ್ತರ: ಹೊರಗಿನವರು ಒಳಗೆ ಬರದಂತೆ ತಡೆಯುವುದು ಬೇರೆ, ಒಳಗಿನವರು ಹೊರಗೆ ಹೋಗದಂತೆ ತಡೆಯುವುದು ಬೇರೆ. ಇವರು ಎರಡನೆಯದನ್ನು ಮಾಡಿದ್ದಾರೆ. ಹೊರಬೀಳುವ ಬಾಗಿಲನ್ನು ಒಳಗಿದ್ದವರು ಕೀಲಿಕೈ ಇಲ್ಲದೇ ತೆಗೆಯುವಂತಿರಬೇಕು. ಕಟ್ಟಡ ಸಂಹಿತೆಯ ಅಗ್ನಿ ಸುರಕ್ಷತೆ ಭಾಗದಲ್ಲಿ ಇದು ಸ್ಪಷ್ಟವಾಗಿದೆ. ನನ್ನ ಮಟ್ಟಿಗೆ ಬಾಡಿಗೆ ಜಾಗದಲ್ಲಿ ರಾಜಿಯೇ ಇಲ್ಲದ ವಿಷಯ ಇದೊಂದೇ. ಅಡುಗೆಮನೆ ಅರ್ಧ ಅಡಿ ಕಡಿಮೆಯಿದ್ದರೆ ಹೊಂದಿಕೊಳ್ಳಬಹುದು.

ಮಾಲಕರ ಭಯವೂ ಸುಳ್ಳಲ್ಲ, ಆದ್ದರಿಂದ ಜಗಳಕ್ಕೆ ಹೋಗುವ ಬದಲು ಪರಿಹಾರ ಹಿಡಿದುಕೊಂಡು ಹೋಗಿ. ಹೊರಗಿನಿಂದ ಕೀಲಿಕೈ ಬೇಕು, ಒಳಗಿನಿಂದ ಗುಬುಟು ತಿರುವಿದರೆ ಸಾಕು ಎನ್ನುವಂಥ ನೈಟ್ ಲ್ಯಾಚ್ ಹಾಕಿಸಬಹುದು. ಕಬ್ಬಿಣದ ಗೇಟಿಗೂ ವೆಲ್ಡಿಂಗ್ ಅಂಗಡಿಯವರು ಕೂಡಿಸಿಕೊಡುತ್ತಾರೆ. ಸರಳುಗಳ ಸಂದಿಯಿಂದ ಹೊರಗಿನವರು ಕೈ ಹಾಕದಂತೆ ಲಾಕಿನ ಸುತ್ತ ಒಂದು ತಗಡು ಬೆಸೆದರೆ ಆಯಿತು. ರಾತ್ರಿ ಗೇಟ್ ತೆಗೆದರೆ ಗೊತ್ತಾಗಬೇಕೆಂದರೆ ಗಂಟೆ ಬಾರಿಸುವ ಅಲಾರ್ಮ್ ಕೂಡಿಸಲಿ. ಪ್ರತಿ ಮಹಡಿಯಲ್ಲಿ ಒಂದು ಕಿಟಕಿಯ ಗ್ರಿಲ್ ಆದರೂ ತಿರುಗಣಿ ಮೇಲೆ ಒಳಗಿನಿಂದ ತೆರೆಯುವಂತಿರಲಿ.

ಮುಂದಿನ ಸಲ ಹೋದಾಗ ನೀವೇ ಮೆಟ್ಟಿಲು ಹತ್ತಿ ನೋಡಿ. ವಾಸದ ಕಟ್ಟಡಕ್ಕೆ ಮೆಟ್ಟಿಲ ಅಗಲ ಕನಿಷ್ಠ 1 ಮೀಟರ್, ಪ್ರತಿ ಮೆಟ್ಟಿಲ ಎತ್ತರ 19 ಸೆಂಟಿಮೀಟರ್ ದಾಟಬಾರದು, ಕಾಲಿಡುವ ಜಾಗ 25 ಸೆಂಟಿಮೀಟರಿಗೆ ಕಡಿಮೆ ಇರಬಾರದು. ಅಗಲ ಕಾಗದದ ಮೇಲೆ ಸರಿಯಿದ್ದು, ಅರ್ಧ ಜಾಗವನ್ನು ಚಪ್ಪಲಿ ಸ್ಟ್ಯಾಂಡ್, ನೀರಿನ ಕ್ಯಾನು ತಿಂದಿರುತ್ತವೆ. ಮೀಟರ್ ಬೋರ್ಡಿನ ಬುಡದಲ್ಲೇ ಸ್ಕೂಟಿಗಳನ್ನು ನಿಲ್ಲಿಸಿದ್ದರೆ, ಬ್ಯಾಟರಿ ಗಾಡಿಯನ್ನು ಅಲ್ಲೇ ಚಾರ್ಜಿಗೆ ಹಾಕಿದ್ದರೆ, ಅದನ್ನು ಮೊದಲು ತೆಗೆಸಿ. ಕೆಳಗೆ ಹೊತ್ತಿದರೆ ಹೊಗೆಯೆಲ್ಲ ಮೆಟ್ಟಿಲಿನಲ್ಲೇ ಮೇಲೇರುತ್ತದೆ, ಇಳಿಯಲಾಗದು. ಆಗ ತಾರಸಿಗೆ ಓಡಬೇಕು. ತಾರಸಿ ಬಾಗಿಲಿಗೂ ಕೀಲಿ ಇದೆಯಾ ನೋಡಿ.

ಪಿಜಿ ಎಂದರೆ ವ್ಯವಹಾರ. ಪರವಾನಗಿ ಇದೆಯಾ ಎಂದು ಕೇಳುವ ಹಕ್ಕು ನಿಮಗಿದೆ. ಮಾತಿಗೆ ಬಗ್ಗದಿದ್ದರೆ ನಗರಸಭೆಗೂ ಅಗ್ನಿಶಾಮಕ ಠಾಣೆಗೂ ಗೇಟಿನ ಫೋಟೋ ಸಮೇತ ಬರೆದುಕೊಡಿ. ನಾಲ್ಕೈದು ಪಾಲಕರು ಸೇರಿ ಸಹಿ ಮಾಡಿದರೆ ಒಳ್ಳೆಯದು, ಒಬ್ಬಳೇ ಹುಡುಗಿಯ ಮೇಲೆ ಸಿಟ್ಟು ಬೀಳುವುದಿಲ್ಲ.

ಪ್ರಶ್ನೆ: ವಡಗಾವಿಯಲ್ಲಿ ಬಾಡಿಗೆ ಮನೆ. ಮೇಲಿನ ಸಂಡಾಸಿನ ಪೈಪ್ ಸೋರಿ ನಮ್ಮ ಅಡುಗೆಮನೆ ಛಾವಣಿಯಿಂದ ಹನಿ ಬೀಳುತ್ತಿದೆ. ಮಾಲಕರು ನಾಳೆ ನಾಳೆ ಅನ್ನುತ್ತಾರೆ. ನಾನೇ ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲಾ?

ಉತ್ತರ: ಮುರಿದುಕೊಳ್ಳಬಹುದು, ಆದರೆ ದಾರಿ ತಪ್ಪಬಾರದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಮಾಲಕರು ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು. ಇಲ್ಲಿ ತೂಕ ಇರುವುದು ‘ಮಾಡಲೇಬೇಕಾದ’ ಎಂಬುದರ ಮೇಲೆ. ಅದನ್ನು ಬಹುತೇಕ ನಿಮ್ಮ ಕರಾರು ಪತ್ರವೇ ತೀರ್ಮಾನಿಸುತ್ತದೆ. ನಮ್ಮಲ್ಲಿ 11 ತಿಂಗಳ ಕರಾರು ಎಂದರೆ ಝೆರಾಕ್ಸ್ ಅಂಗಡಿಯ ಸಿದ್ಧ ನಮೂನೆ. ಅದರಲ್ಲಿ ಬಾಡಿಗೆ, ಡಿಪಾಜಿಟ್ ಬಿಟ್ಟು ರಿಪೇರಿ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನಿಮ್ಮದನ್ನು ತೆಗೆದು ಓದಿ.

ಬಾಡಿಗೆ ಕಾಯ್ದೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ರೂಪಾಯಿ, ಕೆಲವು ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಈಗ ಆ ದರಕ್ಕೆ ಮನೆ ಎಲ್ಲಿದೆ?

ಯಾವ ಕೆಲಸ ಯಾರದು ಎಂದು ತಿಳಿಯಲು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ಚೆನ್ನಾಗಿದೆ. ಅದು ಮಾದರಿ ಮಾತ್ರ, ರಾಜ್ಯ ತನ್ನದಾಗಿ ಮಾಡಿಕೊಳ್ಳದೆ ಕಾನೂನಾಗದು. ಆದರೆ ಮಾತುಕತೆಗೆ ಒಳ್ಳೆಯ ಆಧಾರ. ಕಟ್ಟಡದ ರಿಪೇರಿ, ಸುಣ್ಣ ಬಣ್ಣ, ಪೈಪ್ ಬದಲಿಸುವುದು, ವೈರಿಂಗ್ ಮಾಲಕರ ಪಾಲು. ನಲ್ಲಿ, ವಾಷರ್, ಗೀಸರ್ ರಿಪೇರಿ, ಸ್ವಿಚ್ಚು, ಕಟ್ಟಿಕೊಂಡ ಮೋರಿ ಬಾಡಿಗೆದಾರರ ಪಾಲು. ಆ ಲೆಕ್ಕದಲ್ಲಿ ನಿಮ್ಮ ಛಾವಣಿಯ ಹನಿ ಮಾಲಕರದೇ.

ಹನಿ ಬೀಳುವ ವಿಡಿಯೋ, ಫೋಟೋ ತೆಗೆದು ವಾಟ್ಸ್ಆ್ಯಪಿನಲ್ಲಿ ಕಳಿಸಿ, ಮೇಲೆ ಒಂದು ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕಿ. ದಿನ ಗೊತ್ತುಮಾಡಿ ಬರೆಯಿರಿ. ಪ್ಲಂಬರಿನ ಅಂದಾಜು ಪಟ್ಟಿಯನ್ನೂ ಜೊತೆಗಿಡಿ. ದೊಡ್ಡ ಮೊತ್ತವಾದರೆ ಕಳೆಯುವ ಮುಂಚೆ ವಕೀಲರಿಗೆ ತೋರಿಸಿ. ಹನಿ ಬೀಳುವ ಜಾಗಕ್ಕೆ ಹತ್ತಿರ ಬಲ್ಬ್ ಅಥವಾ ಸ್ವಿಚ್ ಬೋರ್ಡ್ ಇದ್ದರೆ ಆ ಲೈನನ್ನು ಮೊದಲೇ ಬಂದ್ ಮಾಡಿಸಿ.

ಪ್ರಶ್ನೆ: ನಾನು ಮಾಲಕ. ವಿಜಯಪುರದ ಹಳೆ ಪೇಟೆಯಲ್ಲಿ ಅಜ್ಜನ ಕಾಲದ ಮಾಳಿಗೆ ಮನೆ ಇದೆ, ಎರಡು ಭಾಗ ಮಾಡಿ ಬಾಡಿಗೆಗೆ ಕೊಡುವ ವಿಚಾರವಿದೆ. ಈ ಅಳತೆಗಳೆಲ್ಲ ನನಗೂ ಅನ್ವಯವಾ?

ಉತ್ತರ: ರಾಷ್ಟ್ರೀಯ ಕಟ್ಟಡ ಸಂಹಿತೆ (ಇಲ್ಲಿನ ಅಳತೆಗಳು 2016ರ ಆವೃತ್ತಿಯವು) ತನ್ನಷ್ಟಕ್ಕೆ ಕಾನೂನಲ್ಲ, ಶಿಫಾರಸು. ನಿಮ್ಮನ್ನು ಕಟ್ಟಿಹಾಕುವುದು ಮಹಾನಗರ ಪಾಲಿಕೆಯ ಕಟ್ಟಡ ಉಪವಿಧಿಗಳು. ಇದ್ದದ್ದು ಇದ್ದ ಹಾಗೆ ಬಿಟ್ಟರೆ ಒಂದು ಮಾತು, ಆದರೆ ಗೋಡೆ ಹಾಕಿ ಎರಡು ಮನೆ ಮಾಡುವುದು ಮಾರ್ಪಾಡು. ಅದಕ್ಕೆ ಅನುಮತಿ ಬೇಕು, ಪಾಲಿಕೆಯಲ್ಲಿ ನಕ್ಷೆ ಕೊಟ್ಟು ಕೇಳಿ.

ಹಳೆ ಮಾಳಿಗೆ ಮನೆಯಲ್ಲಿ ಗಾಳಿ ಬೆಳಕು ಬರುವುದು ಬೆಳಕಿಂಡಿಯಿಂದ. ನಡುವೆ ಗೋಡೆ ಎಬ್ಬಿಸಿದರೆ ಒಂದು ಭಾಗಕ್ಕೆ ಬೆಳಕಿಂಡಿ, ಇನ್ನೊಂದಕ್ಕೆ ಕತ್ತಲೆ. ಮುಂಬಾಗಿಲು ಒಬ್ಬರಿಗೆ ಸಿಕ್ಕರೆ ಹಿಂದಿನವರು ಅವರ ಪಡಸಾಲೆ ದಾಟಿಯೇ ಹೊರಗೆ ಬರಬೇಕು, ರಾತ್ರಿ ಆ ಪಡಸಾಲೆಗೆ ಚಿಲಕ ಬೀಳುತ್ತದೆ. ಜಂತೆ, ತೊಲೆಯೆಲ್ಲ ಕಟ್ಟಿಗೆಯವು ಬೇರೆ. ಹಿತ್ತಲ ಕಡೆ ಓಣಿಗೆ ಇನ್ನೊಂದು ಬಾಗಿಲು ತೆಗೆಯಲು ಜಾಗ ಇದೆಯಾ ಮೊದಲು ನೋಡಿ. ಇಲ್ಲದಿದ್ದರೆ ಇಡೀ ಮನೆಯನ್ನು ಒಂದೇ ಕುಟುಂಬಕ್ಕೆ ಕೊಡಿ.