ಬೆನ್ನು ನೋವಿನ ಅಪ್ಪ, ಹದಿಹರೆಯದ ಮಕ್ಕಳು: ನಮ್ಮ ಮನೆಯಲ್ಲಿ ಹೇಗೆ ನಡೆಯುತ್ತೆ

ನೀವು ಬರೆದಿದ್ದರ ಸಾರ ಇಷ್ಟು. ನಿಮಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆ, ಸೊಂಟದ ಕೀಲುಗಳಲ್ಲಿ ಉರಿಯೂತ ಬರುವ ಕಾಯಿಲೆ) ಅಂತ ಗೊತ್ತಾಗಿ ಒಂದು ವರ್ಷ. ಮಗನಿಗೆ 16, ಮಗಳಿಗೆ 13. ಬೆಳಗಾದರೆ ಸೊಂಟ ಹಿಡಿದುಕೊಂಡು ಎದ್ದು ಎಲ್ಲರ ಮೇಲೂ ರೇಗುತ್ತೀರಿ. ಮಕ್ಕಳು ನಿಮ್ಮನ್ನು ಕಂಡರೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಇದನ್ನು ಬೇರೆಯವರು ಹೇಗೆ ನಿಭಾಯಿಸುತ್ತಾರೆ ಅಂತ ಕೇಳಿದ್ದೀರಿ.

ನನಗೂ ಅದೇ ಕಾಯಿಲೆ. ಹಾಸನದಲ್ಲಿ ಒಂದು ಕಾಲೇಜಿನ ಪಕ್ಕ ನನ್ನ ಝೆರಾಕ್ಸ್, ಸ್ಟೇಷನರಿ ಅಂಗಡಿ ಇದೆ. ಮಗ ಸೆಕೆಂಡ್ ಪಿಯುಸಿ ಸೈನ್ಸ್, ಮಗಳು ಒಂಬತ್ತನೇ ಕ್ಲಾಸ್. ನಾನು ಡಾಕ್ಟರಲ್ಲ. ಮನೆಯೊಳಗಿನ ವಿಷಯ ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ನನ್ನ ಪ್ರಕಾರ ನಿಮ್ಮ ಮನೆಯ ತೊಂದರೆ ಅರ್ಧ ನಿಮ್ಮ ಸಿಟ್ಟಿನದು, ಇನ್ನರ್ಧ ಗಡಿಯಾರದ್ದು. ನಮ್ಮ ಕಾಯಿಲೆಯಲ್ಲಿ ನೋವು ಏರುವುದು ರಾತ್ರಿಯ ಎರಡನೇ ಭಾಗದಲ್ಲಿ. ಮೂರೂವರೆ, ನಾಲ್ಕಕ್ಕೆ ಎಚ್ಚರ ಆಗುತ್ತೆ. ಮಗ್ಗುಲು ಬದಲಿಸಲೂ ಕಷ್ಟ. ಎದ್ದ ಮೇಲೆ ಬೆನ್ನು ಸಡಿಲ ಆಗಲು ಅರ್ಧ ಗಂಟೆ ಬೇಕು, ಕೆಟ್ಟ ದಿನ ಇನ್ನೂ ಜಾಸ್ತಿ. ಹಾಸನದ ಡಿಸೆಂಬರ್ ಚಳಿಯಲ್ಲಿ ಕೇಳಲೇಬೇಡಿ. ಈಗ ಆ ಕಡೆ ನೋಡಿ. ಹದಿಹರೆಯದಲ್ಲಿ ಮೈಯ ಗಡಿಯಾರವೇ ತಡ ಆಗುತ್ತೆ. ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಬರುತ್ತೆ, ಹಾಗಾಗಿ ಹನ್ನೊಂದು ಗಂಟೆಯಾದರೂ ಅವರಿಗೆ ಕಣ್ಣು ಎಳೆಯುವುದಿಲ್ಲ. ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಆದರೆ ಆರೂವರೆಗೆ ಟ್ಯೂಷನ್, ಎಂಟಕ್ಕೆ ಸ್ಕೂಲ್ ವ್ಯಾನ್. ಅಂದ್ರೆ ಬೆಳಗ್ಗೆ ಆರರಿಂದ ಎಂಟರವರೆಗೆ ಮನೆಯಲ್ಲಿ ಒಬ್ಬರ ಬೆನ್ನು ಎದ್ದಿಲ್ಲ, ಇಬ್ಬರ ತಲೆ ಎದ್ದಿಲ್ಲ. ನಾವೋ, ಫೀಸು, ಮಾರ್ಕ್ಸ್ ಕಾರ್ಡ್, ಮೊಬೈಲು, ಒದ್ದೆ ಟವಲು ಎಲ್ಲವನ್ನೂ ಅದೇ ಎರಡು ಗಂಟೆಯಲ್ಲಿ ತೆಗೆಯುತ್ತೇವೆ.

ನಮ್ಮ ಮನೆಯಲ್ಲಿ ಈಗ ಎಂಟರವರೆಗೆ ಅಂಥ ಮಾತಿಲ್ಲ. ಮೌನವ್ರತ ಅಲ್ಲ. "ತಿಂಡಿ ಆಯ್ತಾ", "ಛತ್ರಿ ತಗೊಂಡ್ಯಾ" ಇವೆಲ್ಲ ನಡೆಯುತ್ತೆ. ಉತ್ತರ ಕೊಡಬೇಕಾದ ಪ್ರಶ್ನೆ, ತೀರ್ಮಾನ ಮಾಡಬೇಕಾದ ವಿಷಯ ಯಾರೂ ಎತ್ತಬಾರದು. ಸಹಿ ಬೇಕಾದ ಡೈರಿ ಹಿಂದಿನ ರಾತ್ರಿಯೇ ಟಿವಿ ಪಕ್ಕ ಇಡಬೇಕು. ಬೆಳಗ್ಗೆ ತಂದರೆ ಅವತ್ತು ಸಹಿ ಇಲ್ಲ. ಮೊದಲ ವಾರ ಮಗಳು ಸ್ಕೂಲಲ್ಲಿ ಬೈಸಿಕೊಂಡು ಬಂದಳು, ಆಮೇಲೆ ಸರಿಹೋಯಿತು. ನಾನು ಆ ಹೊತ್ತಿನಲ್ಲಿ ಬಿಸಿನೀರು ಸ್ನಾನ ಮಾಡಿ, ಬೆನ್ನಿನ ವ್ಯಾಯಾಮ ಮುಗಿಸಿ, ಮನುಷ್ಯನಾಗಿ ಹೊರಗೆ ಬರುತ್ತೇನೆ.

ಬದಲಿಗೆ ರಾತ್ರಿ ಊಟ ಆದ ಮೇಲೆ ಬೀದಿಯಲ್ಲಿ ನಡೆಯುತ್ತೇನೆ. ನನಗೆ ನಡೆಯುವುದು ಔಷಧಿ, ಹೇಗೂ ಬಿಡುವಂತಿಲ್ಲ. ಒಂದೊಂದು ದಿನ ಒಬ್ಬೊಬ್ಬರು ಜೊತೆಗೆ ಬರುತ್ತಾರೆ, ಕರೆಯುವುದಿಲ್ಲ. ಮಗ ಮನೆಯಲ್ಲಿ ಎದುರು ಕೂರಿಸಿ ಕೇಳಿದರೆ "ಹೂಂ", "ಗೊತ್ತಿಲ್ಲ" ಇಷ್ಟೇ. ಪಕ್ಕದಲ್ಲಿ ನಡೆಯುವಾಗ ಮುಖ ನೋಡಬೇಕಾಗಿಲ್ಲ, ಅಲ್ವಾ? ಫಿಸಿಕ್ಸ್ ತಲೆಗೆ ಹತ್ತುತ್ತಿಲ್ಲ ಅನ್ನುವುದನ್ನು ಅವನು ಹೇಳಿದ್ದು ಹಾಲಿನ ಬೂತಿನ ಹತ್ತಿರ, ನಾನು ಕೇಳದೇ ಇದ್ದಾಗ. ನಿಮ್ಮ ಮೈ ಯಾವ ಹೊತ್ತಿನಲ್ಲಿ ಚೆನ್ನಾಗಿರುತ್ತೋ ಆ ಹೊತ್ತನ್ನು ಮಕ್ಕಳಿಗೆ ಕೊಡಿ. ಕೆಟ್ಟ ಹೊತ್ತಿನಲ್ಲಿ ಹಲ್ಲು ಕಚ್ಚಿಕೊಂಡು ಒಳ್ಳೆಯ ಅಪ್ಪನಾಗಲು ಹೋಗಬೇಡಿ, ಅದು ಯಾರಿಗೂ ಪ್ರಯೋಜನ ಇಲ್ಲ.

ಇನ್ನು ರೇಗುವ ವಿಷಯ. ನೋವಿನ ಮುಖಕ್ಕೂ ಸಿಟ್ಟಿನ ಮುಖಕ್ಕೂ ಹೊರಗಿಂದ ವ್ಯತ್ಯಾಸ ಕಾಣುವುದಿಲ್ಲ. ಹುಬ್ಬು ಗಂಟು, ಬಿಗಿದ ಹಲ್ಲು, ಮೊಟಕು ಮಾತು. ಚಿಕ್ಕ ಮಕ್ಕಳಾದರೆ "ಅಪ್ಪಂಗೆ ಉವ್ವಾ" ಅಂತ ಸುಮ್ಮನಾಗುತ್ತಾರೆ. ಹದಿಮೂರು ಹದಿನಾರರವರು ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ. ನಾವು ಬಾಯಿ ಬಿಟ್ಟು ಹೇಳದಿದ್ದರೆ ತಮ್ಮ ಮಾರ್ಕ್ಸಿಗೋ, ತಮ್ಮ ಫ್ರೆಂಡ್ಸಿಗೋ ಅಪ್ಪ ಮುಖ ಗಂಟು ಹಾಕಿದ್ದಾರೆ ಅಂದುಕೊಳ್ಳುತ್ತಾರೆ. ಅದಕ್ಕೆ ನಾನು ಒಂದೇ ಸಾಲು ಇಟ್ಟುಕೊಂಡಿದ್ದೇನೆ: "ಬೆನ್ನು. ನಿನ್ನ ಮೇಲಲ್ಲ." ವಿವರಣೆ ಇಲ್ಲ, ನರಳಾಟ ಇಲ್ಲ. ನಿಜವಾಗಿ ಸಿಟ್ಟು ಬಂದ ದಿನ ಅದನ್ನೂ ಹೇಳುತ್ತೇನೆ: "ಇದು ಬೆನ್ನಲ್ಲ, ನಿನ್ನ ಮೇಲೇ." ಎರಡನ್ನೂ ಬೇರೆ ಬೇರೆ ಇಡದಿದ್ದರೆ ಮಕ್ಕಳಿಗೆ ಮೊದಲನೆಯದರ ಮೇಲೂ ನಂಬಿಕೆ ಹೋಗುತ್ತೆ. ಈಗ ಮಗಳೇ ಬಾಗಿಲಲ್ಲಿ ನಿಂತು ಕೇಳುತ್ತಾಳೆ, "ಅಪ್ಪಾ, ಬೆನ್ನಾ? ನಾನಾ?"

ಆದರೆ ದಿನದ ವರದಿ ಕೊಡಬೇಡಿ. "ಇವತ್ತು ಇಲ್ಲಿ ಚುಚ್ಚುತ್ತೆ, ಅಲ್ಲಿ ಎಳೆಯುತ್ತೆ" ಅಂತ ಊಟದ ಹೊತ್ತಿಗೆ ಶುರು ಮಾಡಿದರೆ ಮಕ್ಕಳು ತಟ್ಟೆ ಎತ್ತಿಕೊಂಡು ಹೋಗುತ್ತಾರೆ. ಹೋಗಲೇಬೇಕು, ಅದು ಅವರು ಹೊರುವ ಹೊರೆಯಲ್ಲ. ಅದನ್ನು ಹೆಂಡತಿಗೆ, ಗೆಳೆಯರಿಗೆ, ಡಾಕ್ಟರಿಗೆ ಹೇಳಿ. ಹೆಂಡತಿಗೂ ದಿನಾ ಬೇಡ.

ನಿಮ್ಮ ಮಗ "ನಾಟಕ ಮಾಡ್ತೀರಾ" ಅಂದ ಅಂತ ಬರೆದಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಅವನ ಕಡೆಯಿಂದ ನೋಡಿದರೆ ಅದು ನ್ಯಾಯವಾದ ಅನುಮಾನ. ಬೆಳಗ್ಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಲಾಗದ ಅಪ್ಪ ಸಂಜೆ ಅಂಗಡಿ ಮುಂದೆ ಶಟಲ್ ಆಡುತ್ತಾನೆ. ಬೇರೆ ಬೆನ್ನು ನೋವು ಮಲಗಿದರೆ ಕಡಿಮೆ ಆಗುತ್ತೆ, ಓಡಾಡಿದರೆ ಜಾಸ್ತಿ ಆಗುತ್ತೆ. ನಮ್ಮದು ತದ್ವಿರುದ್ಧ. ಮಲಗಿದರೆ ಬಿಗಿಯುತ್ತೆ, ಓಡಾಡಿದರೆ ಬಿಡುತ್ತೆ. ಇದನ್ನು ಯಾರಾದರೂ ಹೇಳದೆ ಮಕ್ಕಳಿಗೆ ಗೊತ್ತಾಗುವುದು ಹೇಗೆ? ನಮ್ಮ ನೆಂಟರಿಗೇ ಇನ್ನೂ ಗೊತ್ತಾಗಿಲ್ಲ. "ವಾಯು ಇರಬೇಕು, ಆಲೂಗಡ್ಡೆ ಬಿಡು, ರೆಸ್ಟ್ ತಗೋ" ಅನ್ನುತ್ತಾರೆ.

ನಾನು ಮಗನನ್ನು ಒಮ್ಮೆ ರುಮಟಾಲಜಿಸ್ಟ್ (ಕೀಲು, ಉರಿಯೂತದ ಕಾಯಿಲೆಗಳ ಡಾಕ್ಟರ್) ಹತ್ತಿರ ಜೊತೆಗೆ ಕರೆದುಕೊಂಡು ಹೋದೆ. ಅವರು ಎಂಆರ್‌ಐ ತೋರಿಸಿ ಹೇಳಿದರು. ಬೆನ್ನುಮೂಳೆ ಸೊಂಟದ ಮೂಳೆಯನ್ನು ಸೇರುವ ಜಾಗದಲ್ಲಿ ಉರಿಯೂತ. ಮೈಯ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ಅಲ್ಲಿ ದಾಳಿ ಮಾಡುತ್ತಿದೆ. ಬಿಟ್ಟರೆ ವರ್ಷಗಳ ಮೇಲೆ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಎಕ್ಸ್‌ರೇನಲ್ಲಿ ಕಾಣಲು ವರ್ಷಗಳೇ ಹಿಡಿಯಬಹುದು, ಅದಕ್ಕೇ ಎಷ್ಟೋ ಜನ "ಸ್ಲಿಪ್ ಡಿಸ್ಕ್" ಅಂತಲೇ ಓಡಾಡುತ್ತಾರೆ. ಸೈನ್ಸ್ ಹುಡುಗ, ಬಯಾಲಜಿ ಪುಸ್ತಕದಲ್ಲಿ ಓದಿದ್ದು ಅಪ್ಪನ ಸೊಂಟದಲ್ಲಿ ಕಂಡಿತು. ನಾನು ಹೇಳಿದ್ದರೆ ಅರ್ಧ ನಂಬುತ್ತಿದ್ದ.

ಕೆಲಸ ಹಂಚುವ ವಿಷಯ ಹೇಳುತ್ತೇನೆ. ಭಾರದ ಕೆಲಸ ಮಗನದು: ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನ್, ಅಂಗಡಿಗೆ ಬರುವ ಎ4 ಪೇಪರ್ ಡಬ್ಬ. ಹತ್ತು ಬಂಡಲಿನ ಒಂದು ಡಬ್ಬ ಹತ್ತಿರ ಹತ್ತಿರ 23 ಕೆಜಿ. ಕೊಟ್ಟ ಮೇಲೆ ಅದು ಅವನ ಕೆಲಸ, ನಾನು ಪಕ್ಕ ನಿಂತು "ಹಾಗಲ್ಲ, ಹೀಗೆ ಹಿಡಿ" ಅನ್ನಬಾರದು. ಇದು ನನಗೆ ಬೆನ್ನಿಗಿಂತ ಕಷ್ಟ. ಮಗಳಿಗೆ ಫ್ರಿಡ್ಜ್ ಜವಾಬ್ದಾರಿ. ನನಗೆ ಎರಡು ವಾರಕ್ಕೊಮ್ಮೆ ಉರಿಯೂತ ತಗ್ಗಿಸುವ ಅಡಾಲಿಮುಮಾಬ್ ಇಂಜೆಕ್ಷನ್ ಇದೆ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರಿಗೆ ಹೋಗಬಾರದು. ದೋಸೆ ಹಿಟ್ಟಿನ ಪಾತ್ರೆ ಹಿಂದೆ ಡಬ್ಬ ಇಟ್ಟು, ಮೇಲೆ "ತಿನ್ನುವ ಪದಾರ್ಥ ಅಲ್ಲ" ಅಂತ ಸ್ಕೆಚ್ ಪೆನ್ನಲ್ಲಿ ಬರೆದಿದ್ದಾಳೆ. ಅದು ಅವಳ ಅಣ್ಣನಿಗೆ. ಈ ಔಷಧಿಯಲ್ಲಿ ಸೋಂಕು ತಡೆಯುವ ಶಕ್ತಿ ಕಡಿಮೆ ಆಗುತ್ತೆ. ಶುರು ಮಾಡುವ ಮುಂಚೆ ಟಿಬಿ ಪರೀಕ್ಷೆ ಮಾಡಿಸುವುದು ಅದಕ್ಕೇ. ಹಾಗಾಗಿ ಮಕ್ಕಳು ಕೆಮ್ಮು ಜ್ವರ ತಂದರೆ ಬಚ್ಚಿಡದೆ ಹೇಳಬೇಕು. ನನಗೇ ಜ್ವರ ಬಂದರೆ ಡಾಕ್ಟರನ್ನು ಕೇಳದೆ ಮುಂದಿನ ಡೋಸ್ ಇಲ್ಲ.

ಕೊಡಬಾರದ ಕೆಲಸವೂ ಇದೆ. ಒಂದು, ಬೆನ್ನು ತುಳಿಸಿಕೊಳ್ಳುವುದು. ನಮ್ಮ ಕಡೆ ಅಪ್ಪಂದಿರು ಮಕ್ಕಳನ್ನು ಬೆನ್ನ ಮೇಲೆ ಹತ್ತಿಸಿ ನಡೆಸುವುದು ಮಾಮೂಲಿ. ನಮ್ಮ ಕಾಯಿಲೆಯಲ್ಲಿ ಬೇಡ, ಅದೂ 60 ಕೆಜಿ ಮಗನಿಂದ ಖಂಡಿತ ಬೇಡ. ಬಿಗಿದ, ಬೆಸೆದುಕೊಳ್ಳುತ್ತಿರುವ ಬೆನ್ನುಮೂಳೆ ಸುಲಭವಾಗಿ ಮುರಿಯಬಹುದು. ಬೆನ್ನು, ಕುತ್ತಿಗೆ ಲಟಕ್ಕನೆ ಎಳೆದು ಸರಿ ಮಾಡುತ್ತೇನೆ ಅನ್ನುವವರ ಹತ್ತಿರವೂ ಹೋಗಬೇಡಿ. ಎರಡು, ಸ್ಕೂಟರ್. ಕುತ್ತಿಗೆ ತಿರುಗದ ದಿನ "ಹೋಗು, ಮೂಲೆ ಅಂಗಡಿಗೆ ತಾನೇ" ಅಂತ 16ರ ಹುಡುಗನ ಕೈಗೆ ಕೀ ಕೊಡಬೇಕು ಅನ್ನಿಸುತ್ತೆ. ಆ ವಯಸ್ಸಿಗೆ ಗೇರ್ ಇಲ್ಲದ 50 ಸಿಸಿ ಒಳಗಿನ ಗಾಡಿಗೆ ಮಾತ್ರ ಲೈಸೆನ್ಸ್ ಸಿಗುತ್ತೆ, ನಮ್ಮೆಲ್ಲರ ಮನೆಯ ಸ್ಕೂಟರ್ 110, 125 ಸಿಸಿ. 2019ರ ತಿದ್ದುಪಡಿ ಬಂದ ಮೇಲೆ ಸಿಕ್ಕಿಬಿದ್ದರೆ ಹೆತ್ತವರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ನನ್ನ ಮಗ ಹದಿನೆಂಟು ಯಾವಾಗ ಆಗುತ್ತೆ ಅಂತ ಕಾಯುತ್ತಿದ್ದಾನೆ, ಕಾಯಲಿ. ಅಲ್ಲಿಯವರೆಗೆ ಸೈಕಲ್ ಇದೆ.

ಒಂದು ಆಟ ಹೇಳುತ್ತೇನೆ, ನಿಮ್ಮ ಮಗಳಿಗೆ ಇಷ್ಟ ಆಗಬಹುದು. ಗೋಡೆಗೆ ಹಿಮ್ಮಡಿ, ಬೆನ್ನು ಒತ್ತಿ ನೇರ ನಿಂತು ತಲೆಯ ಹಿಂಭಾಗ ಗೋಡೆಗೆ ಮುಟ್ಟಿಸಬೇಕು. ಸಾಮಾನ್ಯವಾಗಿ ಎಲ್ಲರಿಗೂ ಮುಟ್ಟುತ್ತೆ. ಬೆನ್ನು ಬಾಗುತ್ತಾ ಬಂದರೆ ನಡುವೆ ಜಾಗ ಉಳಿಯುತ್ತೆ. ಡಾಕ್ಟರೂ ಇದನ್ನೇ ಅಳೆಯುತ್ತಾರೆ. ನಮ್ಮಲ್ಲಿ ತಿಂಗಳಿಗೊಮ್ಮೆ ಮಗಳು ಜಾಮಿಟ್ರಿ ಬಾಕ್ಸಿನ ಸ್ಕೇಲ್ ಹಿಡಿದು ಬರುತ್ತಾಳೆ. ಅದೇ ಗೋಡೆಯಲ್ಲಿ ಅವರಿಬ್ಬರ ಎತ್ತರವನ್ನೂ ಗುರುತು ಹಾಕುತ್ತೇವೆ. ಮೊಬೈಲ್ ನೋಡಿ ನೋಡಿ ಗೂನಾಗಿರುವ ಅಣ್ಣನಿಗೂ ಆ ದಿನ ಪೂಜೆ ಆಗುತ್ತೆ. ದಿನಾ ಹದಿನೈದು ನಿಮಿಷ ಬೋರಲು ಮಲಗಬೇಕು ಅಂತ ನನಗೆ ಹೇಳಿದ್ದಾರೆ, ಸೊಂಟದ ಮುಂಭಾಗ ಬಿಗಿಯದಿರಲಿ ಅಂತ. ನಾನು ಮಲಗಿದಾಗ ಮಗಳೂ ಪಕ್ಕದಲ್ಲಿ ಬೋರಲು ಬಿದ್ದು ಹೋಮ್‌ವರ್ಕ್ ಮಾಡುತ್ತಾಳೆ. ಅಕ್ಷರ ಸೊಟ್ಟ ಬರುತ್ತೆ ಅಂತ ಅವರಮ್ಮನ ತಕರಾರು ಇದ್ದೇ ಇದೆ.

"ನನಗೂ ಬರುತ್ತಾ?" ಅಂತ ಮಗ ಕೇಳಿದರೆ ಏನು ಹೇಳಲಿ ಅಂತಲೂ ಕೇಳಿದ್ದೀರಿ. ನನ್ನ ಮಗ ಕ್ರಿಕೆಟ್ ಆಡಿ ಸೊಂಟ ಹಿಡಿದುಕೊಂಡ ದಿನ ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದೆ. ಈ ಕಾಯಿಲೆಗೆ ನಂಟಿರುವ ಎಚ್‌ಎಲ್‌ಎ-ಬಿ27 ಅನ್ನುವ ಜೀನ್ ನನ್ನಲ್ಲಿದೆ. ಅದು ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಜೀನ್ ಬಂದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ. ಅಪ್ಪ ಅಥವಾ ಅಮ್ಮನಿಗೆ ಇದ್ದರೆ ಬೇರೆಯವರಿಗಿಂತ ಸಾಧ್ಯತೆ ಜಾಸ್ತಿ ನಿಜ, ಆದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ತೊಂದರೆ ಏನೂ ಇಲ್ಲದಿರುವಾಗ ರಕ್ತ ಪರೀಕ್ಷೆ ಬೇಡ ಅಂದರು ನಮ್ಮ ಡಾಕ್ಟರ್. ನೋಡಬೇಕಾದದ್ದು ಇಷ್ಟು: ಮೂರು ತಿಂಗಳು ದಾಟಿದರೂ ಹೋಗದ ಬೆನ್ನು ನೋವು, ಬೆಳಗಿನ ಬಿಗಿತ, ಓಡಾಡಿದರೆ ಕಡಿಮೆ ಆಗುವುದು, ರಾತ್ರಿ ಎಬ್ಬಿಸುವುದು. ಕಣ್ಣು ಕೆಂಪಾಗಿ, ನೋವಾಗಿ ಬೆಳಕು ನೋಡಲಾಗದಿದ್ದರೆ ಅವತ್ತೇ ಕಣ್ಣಿನ ಡಾಕ್ಟರ್. ಇದು ನಿಮಗೂ ಅನ್ವಯ, ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಿಕೊಂಡು ಕೂರಬೇಡಿ. ಇನ್ನೊಂದು, ಸಿಗರೇಟು ಈ ಕಾಯಿಲೆಯನ್ನು ಕೆಡಿಸುತ್ತೆ. ಕಾಲೇಜು ಪಕ್ಕದ ಅಂಗಡಿಯಲ್ಲಿ ನಿಂತು ನೋಡುವವನು ನಾನು, ಆ ಮಾತನ್ನು ಮಗನಿಗೆ ಉಪದೇಶ ಅನ್ನಿಸದ ಹಾಗೆ ಹೇಳಲು ಇದೊಂದು ಒಳ್ಳೆಯ ನೆಪ ಸಿಕ್ಕಿತು.

ನೀವು ಬರೆಯದೇ ಬಿಟ್ಟದ್ದು ಎರಡಿದೆ. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತೆ, ಈಗ ಏನು ಔಷಧಿ ತಗೊಳ್ಳುತ್ತಿದ್ದೀರಿ? ಬರೀ ನೋವಿನ ಮಾತ್ರೆಯಲ್ಲಿ ವರ್ಷ ಕಳೆದು, ಈಗಲೂ ದಿನಾ ಬೆಳಗ್ಗೆ ಹೀಗೇ ಆಗುತ್ತಿದ್ದರೆ ಮನೆಯವರನ್ನು ಎಷ್ಟು ಹೊಂದಿಸಿದರೂ ಸಾಲದು. ಆರ್ಥೋ (ಮೂಳೆ ಡಾಕ್ಟರ್) ಹತ್ತಿರ ಮಾತ್ರ ತೋರಿಸುತ್ತಿದ್ದರೆ ಒಮ್ಮೆ ರುಮಟಾಲಜಿಸ್ಟ್ ನೋಡಿ. ನೋವಿನ ಮಾತ್ರೆ ಊಟದ ಮೇಲೇ ತಗೊಳ್ಳಿ, ಬಿಪಿ, ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ಆಗಾಗ ನೋಡಿಸಿ. ಆ ಎರಡು ವಿಷಯ ಕಾಮೆಂಟಿನಲ್ಲಿ ಹಾಕಿದರೆ ನನಗೆ ಏನೇನು ಪರೀಕ್ಷೆ ಮಾಡಿಸಿದರು, ಯಾವ ವ್ಯಾಯಾಮ ಹೇಳಿಕೊಟ್ಟರು ಅನ್ನುವುದನ್ನು ಬರೆಯುತ್ತೇನೆ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಇಲ್ಲ, ಆಗ ಪುರುಸೊತ್ತು.