ಪರದೇಶಕ್ಕೆ ಹೊರಡೋ ಮುಂಚೆ ಪಾವಗಡಕ್ಕೆ ಒಂದು ಸಲ ಹೋಗಿ ಬಾ

ತಮ್ಮಾ,

ನೀನು ಅಕ್ಕಾ ಅಂತ ಕರೆದು ಬರೆದಿದ್ದೀಯ, ಅದಕ್ಕೇ ನೀನು ಅಂತಲೇ ಬರೀತಿದ್ದೀನಿ. ಜರ್ಮನಿಯಲ್ಲಿ ನಾನಿರೋ ಓಲ್ಡೆನ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಯುರೋಪಿಯನ್ ಮಾಸ್ಟರ್ ಇನ್ ರಿನ್ಯೂವಬಲ್ ಎನರ್ಜಿಗೆ ಸೀಟು ಸಿಕ್ಕಿದೆ ಅಂದೆ. ತುಂಬಾ ಸಂತೋಷ. 1987ರಿಂದ ನವೀಕರಿಸಬಹುದಾದ ಶಕ್ತಿಯನ್ನೇ ಪೂರ್ಣ ವಿಷಯವಾಗಿಟ್ಟುಕೊಂಡು ಮಾಸ್ಟರ್ಸ್ ಕಲಿಸ್ತಿರೋ ಊರು ಇದು. ಅಷ್ಟು ಹಿಂದೆ ಈ ಕೆಲಸಕ್ಕೆ ಕೈಹಾಕಿದವರು ಜಗತ್ತಲ್ಲೇ ಕಮ್ಮಿ.

ನೀನು ಕೇಳಿದ್ದು ಐದು ಪ್ರಶ್ನೆ: ಖರ್ಚೆಷ್ಟು, ಜರ್ಮನ್ ಬರಲೇಬೇಕಾ, ಎರಡನೇ ಸೆಮಿಸ್ಟರ್‌ಗೆ ಬೇರೆ ದೇಶಕ್ಕೆ ಹೋಗೋವಾಗ ವೀಸಾ ಗತಿ ಏನು, ಚಳಿ ತಡೆಯೋಕಾಗುತ್ತಾ, ಪಾವಗಡದ ಸೋಲಾರ್ ಪ್ಲಾಂಟಿನ ಡೇಟಾ ಇಟ್ಟುಕೊಂಡು ಇಲ್ಲಿ ಥೀಸಿಸ್ ಮಾಡಬಹುದಾ. ಮೊದಲ ನಾಲ್ಕಕ್ಕೆ ಬೇಗ ಉತ್ತರ ಹೇಳಿಬಿಡ್ತೀನಿ. ಐದನೆಯದಕ್ಕೆ ಸ್ವಲ್ಪ ಕೂತು ಓದು.

ಖರ್ಚು. ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ಖರ್ಚಿಗೆ ದುಡ್ಡಿದೆ ಅಂತ ವೀಸಾಕ್ಕೆ ತೋರಿಸೋ ಖಾತೆಯಲ್ಲಿ, ಇಡಬೇಕಾದ ದುಡ್ಡು 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 11,904 ಯೂರೊ ಆಯಿತು, ಅಂದರೆ ತಿಂಗಳಿಗೆ 992. ಆಗಾಗ ಏರಿಸ್ತಾರೆ, ಅರ್ಜಿ ಹಾಕೋ ವಾರ ಇನ್ನೊಮ್ಮೆ ನೋಡಿಕೋ. ನಿನ್ನ ಅಂಕಪಟ್ಟಿ, ಪದವಿ ಅಸಲಿ ಅಂತ ಪರಿಶೀಲಿಸಿ ಕೊಡೋ ಎ.ಪಿ.ಎಸ್. ಸರ್ಟಿಫಿಕೇಟಿಗೆ ಇವತ್ತೇ ಅರ್ಜಿ ಹಾಕು, ಅದಿಲ್ಲದೆ ವೀಸಾ ಅರ್ಜಿ ಮುಂದಕ್ಕೆ ಹೋಗಲ್ಲ. ಸ್ಟುಡೆಂಟ್ ಹಾಸ್ಟೆಲ್ಲಿಗೆ ಸೀಟು ಖಚಿತವಾದ ದಿನವೇ ಹೆಸರು ಬರೆಸು. ಮನೆ ಸಿಕ್ಕಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರೋ ಪತ್ರ ಬೇಕು. ಬಾಡಿಗೆ ಕಮ್ಮಿ ಅಂತ, ಆ ಪತ್ರ ಕೊಡಲ್ಲ ಅನ್ನೋರ ರೂಮಿಗೆ ಹೋಗಬೇಡ. ಪಾರ್ಟ್‌ಟೈಮ್ ಕೆಲಸ ವರ್ಷಕ್ಕೆ 140 ಪೂರ್ತಿ ದಿನ ಇಲ್ಲವೇ 280 ಅರ್ಧ ದಿನ ಮಾಡಬಹುದು. ವಿಶ್ವವಿದ್ಯಾಲಯದ ಲ್ಯಾಬಿನಲ್ಲೇ ವಿದ್ಯಾರ್ಥಿ ಸಹಾಯಕನಾದರೆ ಆ ದಿನಗಳು ಈ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಮೊದಲು ಅಲ್ಲೇ ಕೇಳು. ಕುಕ್ಕರ್ ತರೋದಾದರೆ ಇಂಡಕ್ಷನ್‌ಗೆ ಆಗೋ ಸ್ಟೀಲಿನದು ತಾ, ಜೊತೆಗೆ ಎರಡು ಗ್ಯಾಸ್ಕೆಟ್. ಎಷ್ಟೋ ಹಾಸ್ಟೆಲ್ ಒಲೆಗಳಲ್ಲಿ ಅಲ್ಯೂಮಿನಿಯಂ ಕುಕ್ಕರ್ ಕಾಯೋದೇ ಇಲ್ಲ.

ಜರ್ಮನ್. ಪಾಠ ಇಂಗ್ಲಿಷಿನಲ್ಲಿ. ವಿದೇಶಿಯರ ಕಚೇರಿ, ಡಾಕ್ಟರು, ಮನೆ ಕರಾರು ಎಲ್ಲ ಜರ್ಮನ್. ಭಾಷೆಯ ಎರಡನೇ ಹಂತ, ಅಂದರೆ ಎ2, ಮುಗಿಸಿಕೊಂಡು ಬಾ.

ಎರಡನೇ ಸೆಮಿಸ್ಟರ್. ಈ ಕೋರ್ಸನ್ನು ನಡೆಸೋದು ಒಂದೇ ಕಾಲೇಜಲ್ಲ, ಯೂರೆಕ್ ಅನ್ನೋ ಒಕ್ಕೂಟದಡಿ ಹಲವು ದೇಶಗಳ ವಿಶ್ವವಿದ್ಯಾಲಯಗಳು ಹಂಚಿಕೊಂಡು ಕಲಿಸ್ತವೆ. ಗಾಳಿ ಅಂದರೆ ಅಥೆನ್ಸ್, ಸಮುದ್ರದ ಅಲೆ ಅಂದರೆ ಲಿಸ್ಬನ್, ಸೂರ್ಯನ ಶಾಖ ಅಂದರೆ ಫ್ರಾನ್ಸಿನ ಪರ್ಪಿನ್ಯಾಂ, ಹೀಗೆ. ಜರ್ಮನಿಯ ವಾಸ ಪರವಾನಗಿ ಇದ್ದರೆ ಯುರೋಪಿಯನ್ ಒಕ್ಕೂಟದ ಹೆಚ್ಚಿನ ದೇಶಗಳಿಗೆ ಇಂಥ ಜಂಟಿ ಕೋರ್ಸಿನ ಮೇಲೆ 360 ದಿನದವರೆಗೆ ಹೋಗಿ ಓದಬಹುದು, ಹೊಸ ವೀಸಾ ಬೇಕಿಲ್ಲ. ಆದರೆ ಮುಂಚೆ ತಿಳಿಸಿರಬೇಕು. ಬ್ರಿಟನ್ನಿಗೆ ಈ ಸೌಲಭ್ಯ ಇಲ್ಲ, ಅದಕ್ಕೆ ಬೇರೆಯೇ ವೀಸಾ. ಇಲ್ಲಿ ಹುಡುಗರು ಮಾಡೋ ತಪ್ಪು ಒಂದೇ: ಬಾಡಿಗೆ ಉಳಿಸೋಕೆ ಅಂತ ಓಲ್ಡೆನ್‌ಬುರ್ಗ್ ವಿಳಾಸವನ್ನು ರದ್ದು ಮಾಡಿಸಿ ಹೋಗಿಬಿಡ್ತಾರೆ. ಯಾರಿಗೂ ಹೇಳದೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಪರವಾನಗಿಯೇ ಬಿದ್ದುಹೋಗಬಹುದು. ಹೋಗೋ ಮುಂಚೆ ವಿದೇಶಿಯರ ಕಚೇರಿಯಿಂದ ಲಿಖಿತ ಉತ್ತರ ತಗೋ. ಬಾಯಿಮಾತು ಸಾಲದು.

ಚಳಿಗೆ ಸ್ವೆಟರ್ ಇದೆ. ಕಷ್ಟ ಇರೋದು ಬೆಳಕಿನದು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ನೆತ್ತಿ ಹೊತ್ತಿನಲ್ಲೂ ಸೂರ್ಯ ದಿಗಂತದಿಂದ 13 ಡಿಗ್ರಿ ಅಷ್ಟೇ ಏರ್ತಾನೆ, ಅದೇ ದಿನ ಪಾವಗಡದಲ್ಲಿ 52 ಡಿಗ್ರಿ ದಾಟಿರ್ತಾನೆ. ಸಂಜೆ ನಾಲ್ಕೂಕಾಲಿಗೆ ಕತ್ತಲು. ನಾನು ಬಂದ ಮೊದಲ ವರ್ಷ ಲ್ಯಾಬಿನ ಕಿಟಕಿಯಲ್ಲಿ ಆ ಬಿಸಿಲು ಕಂಡಾಗ ಬೆಳಗೋ ಸಂಜೆಯೋ ತಿಳೀತಿರಲಿಲ್ಲ, ಊರಿನ ಅಂಗಳದ ಬಿಸಿಲು ನೆನಪಾಗ್ತಿತ್ತು. ಈಗಲೂ ಆಗುತ್ತೆ. ದಿನಾ ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡಿ.

ಇನ್ನು ಥೀಸಿಸ್. ಮಾಡಬಹುದು, ಮಾಡಲೇಬೇಕು ಅಂತ ನಾನು ಹೇಳ್ತೀನಿ. 2,050 ಮೆಗಾವಾಟಿನ ಪಾರ್ಕು ನಮ್ಮದು, ರೈತರ ಜಮೀನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ತಗೊಂಡ ಮಾದರಿ. ಇಲ್ಲಿನ ತರಗತಿಯಲ್ಲಿ ಜಾಗದ ಚರ್ಚೆ ಬಂದಾಗ ಎದ್ದು ನಿಂತು ಹೇಳೋ ವಿಷಯ ಇದು. ಜಮೀನಿಲ್ಲದ ಕೂಲಿಯವರಿಗೆ ಆ ಗುತ್ತಿಗೆ ದುಡ್ಡು ಬರಲ್ಲ ಅನ್ನೋದನ್ನೂ ಜೊತೆಗೇ ಹೇಳು.

ಆದರೆ ಎರಡು ವಿಶ್ವವಿದ್ಯಾಲಯ ಕೈಕುಲುಕಿ ಒಪ್ಪಂದಕ್ಕೆ ಸಹಿ ಹಾಕಿದ್ದಾವೆ ಅಂದ ಮಾತ್ರಕ್ಕೆ ಡೇಟಾ ತಾನಾಗಿ ಬಂದುಬಿಡಲ್ಲ. ಜಂಟಿ ಕೆಲಸಗಳು ನಿಲ್ಲೋದು ವಿಜ್ಞಾನದಲ್ಲಲ್ಲ, ಚಿಕ್ಕ ಚಿಕ್ಕ ಕಡೆ.

ಮೊದಲು ಅನುಮತಿ. ಡೇಟಾ ಪ್ಲಾಂಟ್ ನಡೆಸೋ ಕಂಪನಿಯದು, ನಿನಗೆ ಪರಿಚಯ ಇರೋ ಸೈಟ್ ಎಂಜಿನಿಯರದ್ದಲ್ಲ. ಅವರು ಪೆನ್‌ಡ್ರೈವಿನಲ್ಲಿ ಕೊಟ್ಟರೂ ತಗೋಬೇಡ, ನಾಳೆ ಅವರ ಕೆಲಸಕ್ಕೇ ಕುತ್ತು. ಒಂದು ಪುಟದ ಪತ್ರ ಸಾಕು. ಯಾವ ಕಾಲಮ್‌ಗಳು, ಯಾವ ತಾರೀಖಿನಿಂದ ಎಲ್ಲಿಯವರೆಗೆ, ಎಲ್ಲಿ ಇಟ್ಟಿರ್ತೀವಿ, ಪ್ಲಾಂಟಿನ ಹೆಸರು ಬರೀಬಹುದೋ ಇಲ್ಲವೋ, ಲೇಖನವಾಗಿ ಪ್ರಕಟಿಸೋ ಮುಂಚೆ ಯಾರಿಗೆ ತೋರಿಸಬೇಕು, ಇಷ್ಟೂ ಅದರಲ್ಲಿರಲಿ. ಜರ್ಮನಿಯಲ್ಲಿ ಸಂಶೋಧನೆಯ ಮೂಲ ಡೇಟಾವನ್ನು ಸಾಮಾನ್ಯವಾಗಿ ಹತ್ತು ವರ್ಷ ಕಾಪಾಡಬೇಕು. ಥೀಸಿಸ್ ಮುಗಿದ ಕೂಡಲೇ ಅಳಿಸಿಹಾಕಿ ಅಂತ ಕಂಪನಿಯವರು ಬರೆಸಿಕೊಂಡರೆ ಎರಡೂ ಕಡೆ ಸಿಕ್ಕಿಹಾಕಿಕೊಳ್ತೀಯ.

ಎರಡನೆಯದು ಗಡಿಯಾರ. ಅತಿ ಹೆಚ್ಚು ತಿಂಗಳು ನುಂಗೋದು ಇದೇ. ನಮ್ಮ ಭಾರತದ ಸಮಯ ಜಗತ್ತಿಗೆಲ್ಲ ಒಂದೇ ಆಗಿರೋ ಯು.ಟಿ.ಸಿ. ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಉಪಗ್ರಹದ ಬಿಸಿಲಿನ ಲೆಕ್ಕ ಯು.ಟಿ.ಸಿ. ಗಂಟೆಗಳಲ್ಲಿ ಬರುತ್ತೆ. ಪ್ಲಾಂಟಿನಿಂದ ನೀನು ಗಂಟೆ ಸರಾಸರಿ ಮಾತ್ರ ತಂದಿದ್ದರೆ ಆ ಅರ್ಧ ಗಂಟೆಯನ್ನು ಯಾವ ಲೆಕ್ಕದಿಂದಲೂ ಸರಿಯಾಗಿ ಹೊಂದಿಸೋಕಾಗಲ್ಲ, ಬೆಳಗ್ಗೆ ಸಂಜೆ ತಪ್ಪು ಉಳಿದೇ ಉಳಿಯುತ್ತೆ. ಒಂದು ನಿಮಿಷದ ಡೇಟಾ ಕೇಳು. ಸಿಗದಿದ್ದರೆ 15 ನಿಮಿಷದ್ದಾದರೂ ಕೇಳು. ಗ್ರಿಡ್‌ಗೆ ದಿನಕ್ಕೆ 96 ಬ್ಲಾಕಿನ ಲೆಕ್ಕ ಕೊಡಬೇಕಾದ್ದರಿಂದ ಅದು ಅವರ ಹತ್ತಿರ ಇರುತ್ತೆ. 10:15 ಅಂತ ಬರೆದಿದ್ದರೆ ಅದು 10:00ರಿಂದ 10:15ರ ಸರಾಸರಿಯೋ 10:15ರಿಂದ 10:30ರದ್ದೋ, ಕೇಳಿ ಬರೆದುಕೋ.

ಪರೀಕ್ಷೆ ಸುಲಭ. ಮೋಡವೇ ಇಲ್ಲದ ಒಂದು ದಿನ ಆರಿಸಿ, ಸಮತಲಕ್ಕೆ ಇಟ್ಟ ಪೈರನೋಮೀಟರಿನ, ಅಂದರೆ ಬಿಸಿಲು ಅಳೆಯೋ ಮಾಪಕದ, ಗೆರೆ ಎಳೆ. ಗುಡ್ಡದ ಹಾಗೆ ಎರಡೂ ಕಡೆ ಸಮವಾಗಿರಬೇಕು. ಪಾವಗಡದ ರೇಖಾಂಶಕ್ಕೆ ಅದರ ನೆತ್ತಿ ಸುಮಾರು 12:20ಕ್ಕೆ ಬರಬೇಕು. ಫೆಬ್ರುವರಿಯಲ್ಲಿ 12:35ರ ಹತ್ತಿರಕ್ಕೆ ಸರಿಯುತ್ತೆ, ನವೆಂಬರಿನಲ್ಲಿ 12:05ಕ್ಕೆ ಹಿಂದೆ ಬರುತ್ತೆ. ಸರಿಯಾಗಿ ಹನ್ನೆರಡಕ್ಕೋ ಒಂದಕ್ಕೋ ಬಂದರೆ ಡೇಟಾ ದಾಖಲಿಸೋ ಲಾಗರಿನ ಗಡಿಯಾರ ಕೆಟ್ಟಿದೆ, ಇಲ್ಲ ಯಾರೋ ಸಮಯ ಬದಲಾಯಿಸಿದ್ದಾರೆ.

ಮೂರನೆಯದು ಚುಕ್ಕಿ. ಇಲ್ಲಿನವರು ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕ್ತಾರೆ. ಲ್ಯಾಬಿನ ಕಂಪ್ಯೂಟರಿನ ಜರ್ಮನ್ ಎಕ್ಸೆಲ್‌ನಲ್ಲಿ ನಿನ್ನ ಫೈಲ್ ತೆರೆದೆ ಅನ್ನು, 12.5 ಅಂತಿದ್ದದ್ದು ಮೇ 12 ಅನ್ನೋ ತಾರೀಖಾಗಿ ಕೂತಿರುತ್ತೆ. ಹಾಗೇ ಸೇವ್ ಮಾಡಿದರೆ ಮೂಲ ಹೋಯಿತು. ಮೂಲ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯಲೇಬೇಡ. ಒಂದು ಪ್ರತಿಯನ್ನು ಯಾರೂ ತಿದ್ದಲಾಗದ ಹಾಗೆ ಇಟ್ಟು, ಪೈಥಾನ್ ಪ್ರೋಗ್ರಾಮಿನಲ್ಲಿ ದಶಮಾಂಶದ ಗುರುತು ಯಾವುದು ಅಂತ ಸ್ಪಷ್ಟವಾಗಿ ಹೇಳಿ ಓದಿಸು.

ನಾಲ್ಕನೆಯದು ಮಾಪಕ. ಪ್ರತಿ ಪೈರನೋಮೀಟರಿಗೂ ಅದರದೇ ಸಂವೇದನೆಯ ಅಂಕಿ ಇರುತ್ತೆ, ಚದರ ಮೀಟರಿಗೆ ಒಂದು ವಾಟ್‌ಗೆ ಇಷ್ಟು ಮೈಕ್ರೋವೋಲ್ಟ್ ಅಂತ. ಹಳೆಯದು 8.5 ಇದ್ದು, ಹೊಸದು 9.2 ಇದ್ದು, ಮಾಪಕ ಬದಲಿಸಿದವರು ಲಾಗರಿನಲ್ಲಿ ಅಂಕಿ ಬದಲಿಸದಿದ್ದರೆ ಅವತ್ತಿಂದ ಬಿಸಿಲು 8 ಶೇಕಡಾ ಜಾಸ್ತಿ ಕಾಣುತ್ತೆ. ವಿದ್ಯುತ್ ಮಾತ್ರ ಅಷ್ಟೇ ಇರೋದರಿಂದ ಪ್ಯಾನೆಲ್ ಹಾಳಾಗಿದೆ ಅಂತ ನೀನು ಥೀಸಿಸ್ ಬರೀತೀಯ. ರಾತ್ರಿಯ ಅಂಕಿಯನ್ನೂ ನೋಡು. ಸೊನ್ನೆಗಿಂತ ಒಂದೆರಡು ವಾಟ್ ಕೆಳಗಿದ್ದರೆ ಅದು ಸಹಜ, ಆಕಾಶಕ್ಕೆ ಶಾಖ ಬಿಟ್ಟು ಗಾಜು ತಣ್ಣಗಾಗೋದರಿಂದ ಹಾಗೆ. ವರ್ಷಪೂರ್ತಿ ಸರಿಯಾಗಿ ಸೊನ್ನೆ ಇದ್ದರೆ ಯಾರೋ ಡೇಟಾವನ್ನು ತಿದ್ದಿದ್ದಾರೆ ಅಂತ ತಿಳಿ. ಪ್ಯಾನೆಲಿನ ಬೆನ್ನಿಗೆ ಅಂಟಿಸಿದ ಉಷ್ಣಮಾಪಕವನ್ನು ಕೈಯಿಂದ ಮುಟ್ಟಿ ನೋಡು. ನಮ್ಮ ಬಿಸಿಲಿಗೆ ಟೇಪು ಬಿಡುತ್ತೆ. ಪ್ಯಾನೆಲ್ 60 ಡಿಗ್ರಿ ಇದ್ದರೆ, 25ರ ಮೇಲಿನ ಪ್ರತಿ ಡಿಗ್ರಿಗೆ 0.35 ಶೇಕಡಾದಂತೆ 12 ಶೇಕಡಾ ನಷ್ಟ. ಬಿಟ್ಟುಕೊಂಡ ಮಾಪಕ 45 ತೋರಿಸಿದರೆ ನಿನ್ನ ಲೆಕ್ಕದಲ್ಲಿ ಅದು 7 ಆಗುತ್ತೆ.

ಕೊನೆಯದು ಧೂಳು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಪ್ಯಾನೆಲ್ ಮೇಲೂ ಧೂಳು, ಮಾಪಕದ ಗಾಜಿನ ಮೇಲೂ ಧೂಳು ಕೂತರೆ ಎರಡೂ ಒಟ್ಟಿಗೆ ಇಳೀತವೆ, ಇಷ್ಟು ಬಿಸಿಲಿಗೆ ಎಷ್ಟು ವಿದ್ಯುತ್ ಅನ್ನೋ ಅನುಪಾತ ಚೆನ್ನಾಗೇ ಕಾಣುತ್ತೆ, ನಷ್ಟ ಮುಚ್ಚಿಹೋಗುತ್ತೆ. ಮಾಪಕವನ್ನು ಮಾತ್ರ ದಿನಾ ಒರೆಸಿದರೇ ಧೂಳಿನ ನಿಜವಾದ ನಷ್ಟ ಹೊರಗೆ ಬರೋದು. ಅಂದರೆ ಬೆಳಗ್ಗೆ ಆರಕ್ಕೆ ಮೆತ್ತನೆ ಬಟ್ಟೆ, ಶುದ್ಧ ನೀರಿನ ಬಾಟಲಿ ಹಿಡಿದು ಹೋಗಿ ಒರೆಸಿ, ಪುಸ್ತಕದಲ್ಲಿ ಸಮಯ ಬರೆಯೋರ ಮೇಲೆ ನಿನ್ನ ಇಡೀ ಥೀಸಿಸ್ ನಿಂತಿದೆ. ಆ ಪುಸ್ತಕ ಕನ್ನಡದಲ್ಲೋ ತೆಲುಗಿನಲ್ಲೋ ಇರುತ್ತೆ, ಪುಟಪುಟವೂ ಫೋಟೋ ತಗೋ. ನನ್ನ ಮೊದಲ ಲೇಖನದಲ್ಲಿ ಎರಡು ದೇಶದ ಪ್ರೊಫೆಸರುಗಳ ಹೆಸರೂ ಇದೆ, ವರ್ಷವಿಡೀ ಗಾಜು ಒರೆಸಿದವರ ಹೆಸರು ಕೃತಜ್ಞತೆಯ ಸಾಲಿನಲ್ಲೂ ಇಲ್ಲ. ಫಲಿತಾಂಶ ಏನಾಯಿತು ಅಂತ ಅವರಿಗೆ ಕನ್ನಡದಲ್ಲಿ ಒಂದು ಪುಟ ಬರೆದು ಕಳಿಸಲೂ ಇಲ್ಲ. ಅಚ್ಚಾದ ಮೇಲೆ ಅದನ್ನು ತಿದ್ದೋಕಾಗಲಿಲ್ಲ, ಇವತ್ತಿಗೂ ಆ ಲೇಖನ ತೆರೆದರೆ ಮೊದಲು ಕಣ್ಣಿಗೆ ಬೀಳೋದು ಆ ಕೊರತೆ. ನೀನು ಒಪ್ಪಿಗೆ ಪತ್ರ ಬರೆಸೋವಾಗಲೇ ಅವರ ಹೆಸರು ಕೇಳಿ ಬರೆದುಕೋ, ಹೆಸರು ಹಾಕಬಹುದಾ ಅಂತಲೂ ಕೇಳು.

ಇನ್ನೊಂದು ಮಾತು. ಬೆಂಗಳೂರಿನ ಐ.ಐ.ಎಸ್ಸಿ. ಮತ್ತು ಅಮೆರಿಕದ ಆಗಿನ ಎನ್.ಆರ್.ಇ.ಎಲ್. ಅನ್ನೋ ನವೀಕರಿಸಬಹುದಾದ ಶಕ್ತಿಯ ರಾಷ್ಟ್ರೀಯ ಪ್ರಯೋಗಾಲಯದ ಮುಂದಾಳತ್ವದಲ್ಲಿ 2012ರಲ್ಲಿ ಶುರುವಾದ ಸೀರಿಯಸ್ ಅನ್ನೋ ದೊಡ್ಡ ಸೌರ ಯೋಜನೆಗೂ ಹಣ ಇದ್ದದ್ದು ಐದು ವರ್ಷಕ್ಕೆ. ಎಲ್ಲ ಜಂಟಿ ಯೋಜನೆಗೂ ಕೊನೆ ತಾರೀಖು ಇರುತ್ತೆ, ಊರಲ್ಲಿ ನೆಟ್ಟ ಮಾಪಕ ಮಾತ್ರ ಅಲ್ಲೇ ಇರುತ್ತೆ. ನಿನ್ನ ಗೈಡ್ ಇಲ್ಲಿಂದ ಹೊಸ ಮಾಪಕ ಕಳಿಸೋಣ ಅಂದರೆ, ಎರಡು ವರ್ಷಕ್ಕೊಮ್ಮೆ ಅದರ ಕ್ಯಾಲಿಬ್ರೇಶನ್ನಿಗೆ, ಅಂದರೆ ಅಳತೆ ಸರಿಯಿದೆಯಾ ಅಂತ ಪರೀಕ್ಷಿಸೋಕೆ, ಯಾರು ದುಡ್ಡು ಕೊಡ್ತಾರೆ ಅಂತ ಮೊದಲ ಮೀಟಿಂಗಿನಲ್ಲೇ ಕೇಳು. ಸಂಕೋಚ ಬೇಡ. ನಮ್ಮ ಕಡೆ ದೊಡ್ಡವರನ್ನು ಹಾಗೆ ಕೇಳಲ್ಲ, ಇಲ್ಲಿ ಕೇಳದೆ ಇದ್ದರೆ ನಿನಗೆ ಎಲ್ಲಾ ಗೊತ್ತಿದೆ ಅಂದುಕೊಳ್ತಾರೆ.

ಪಾವಗಡಕ್ಕೆ ಹೋದಾಗ ಮಾಪಕದ ಸೀರಿಯಲ್ ನಂಬರ್ ಇರೋ ಪಟ್ಟಿ, ಕ್ಯಾಲಿಬ್ರೇಶನ್ ಸರ್ಟಿಫಿಕೇಟು, ಲಾಗರಿನ ಸೆಟ್ಟಿಂಗ್ ಪರದೆ, ಮಾಪಕದ ಓರೆ ಎಷ್ಟು ಡಿಗ್ರಿ ಅನ್ನೋದು, ನಾಲ್ಕೂ ದಿಕ್ಕಿಗೆ ನೆರಳು ಬೀಳೋ ಕಂಬ ಇದೆಯಾ ಅನ್ನೋದು, ಇಷ್ಟಕ್ಕೂ ಫೋಟೋ ತಗೋ. ಮೇ ತಿಂಗಳೊಳಗೆ ಹೋಗಿ ಬಾ. ಜೂನಿನಲ್ಲಿ ಮೋಡ ಕವಿದರೆ ತಿಳಿಯಾದ ದಿನ ಸಿಗೋದು ಕಷ್ಟ, ಅಕ್ಟೋಬರಿಗೆ ನಿನ್ನ ಕ್ಲಾಸು ಶುರುವಾಗಿರುತ್ತೆ.