ವರ್ಲ್ಡ್ ರ‍್ಯಾಲಿ ಚಾಂಪಿಯನ್‌ಷಿಪ್‌ಗೆ ಭವಿಷ್ಯ ಇದೆಯಾ? ಈಗ ನೋಡಲು ಶುರು ಮಾಡಬಹುದಾ?

ಗದಗದಿಂದ ನೀವು ಕೇಳಿದ ಪ್ರಶ್ನೆಯಲ್ಲಿ ಮೂರು ವಿಷಯ ಇವೆ. ಅತಿ ವೇಗದ ಕಾರುಗಳಿರುವ ಮೇಲಿನ ಕ್ಲಾಸ್‌ನಲ್ಲಿ ಮೂರೇ ತಂಡ ಉಳಿದಿರುವಾಗ ಈ ಕಾರು ಓಟದ ಚಾಂಪಿಯನ್‌ಷಿಪ್, ಅಂದರೆ ಡಬ್ಲ್ಯುಆರ್‌ಸಿ, ಎಷ್ಟು ದಿನ ನಡೆಯುತ್ತದೆ? 2027ರ ಹೊಸ ನಿಯಮದಿಂದ ಏನು ಬದಲಾಗುತ್ತದೆ? ಗದಗದಲ್ಲಿ ಕೂತು ಈಗ ಶುರು ಮಾಡಿದವರಿಗೆ ಏನಾದರೂ ಸಿಗುತ್ತದಾ?

ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಗ್ಯಾರೇಜ್ ನಡೆಸುತ್ತೇನೆ. ಸಸ್ಪೆನ್ಷನ್ ಕೆಲಸವೇ ಜಾಸ್ತಿ. ರ‍್ಯಾಲಿ ಮೇಲಿನ ಪ್ರೀತಿ ಹುಡುಗನಾಗಿದ್ದಾಗಿನಿಂದ ಇದೆ. ನನ್ನ ಉತ್ತರ ಇಷ್ಟೇ: ಆಟ ಸಾಯುತ್ತಿಲ್ಲ. ಒಳ್ಳೆಯ ಡ್ರೈವರ್‌ಗಳಿಗೂ ಕೊರತೆ ಇಲ್ಲ, ಒಳ್ಳೆಯ ದಾರಿಗಳಿಗೂ ಕೊರತೆ ಇಲ್ಲ. ಕೊರತೆ ಇರುವುದು ಮೇಲಿನ ಕ್ಲಾಸ್ ಕಾರುಗಳಿಗೆ. ಅವು ಅಷ್ಟು ದುಬಾರಿ ಆಗಿವೆ. 2027ರ ನಿಯಮ ಕೈ ಹಾಕಿರುವುದು ಸರಿಯಾಗಿ ಅಲ್ಲಿಗೇ. ಅದಕ್ಕೇ ನನಗೆ ನಂಬಿಕೆ ಇದೆ.

ಹೊಸಬರಿಗಾಗಿ ಮೊದಲು ಆಟ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಧಾರವಾಡ, ಹಾವೇರಿ ಕಡೆ ಹಳ್ಳಿಗಳಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆ ಇಡುತ್ತಾರಲ್ಲ, ನೋಡಿರುತ್ತೀರಿ. ಒಂದು ಸಲಕ್ಕೆ ಒಂದೇ ಜೋಡಿ ಎತ್ತು. ಪಕ್ಕದಲ್ಲಿ ಇನ್ನೊಂದು ಗಾಡಾ ಇರುವುದಿಲ್ಲ. ಒಂದು ನಿಮಿಷದಲ್ಲಿ ಎಷ್ಟು ಅಡಿ ಹೋಯಿತು ಅಂತ ಅಳೆಯುತ್ತಾರೆ. ರ‍್ಯಾಲಿಯೂ ಹಾಗೆಯೇ, ಗಡಿಯಾರದ ಜೊತೆ ಓಟ. ಎರಡು-ಮೂರು ನಿಮಿಷಕ್ಕೊಂದರಂತೆ ಕಾರು ಬಿಡುತ್ತಾರೆ. ಜನ ದಿನಾ ಓಡಾಡುವ ದಾರಿಯನ್ನೇ ಆ ಹೊತ್ತಿಗೆ ಬಂದ್ ಮಾಡಿರುತ್ತಾರೆ. ಅಂಥ ಒಂದೊಂದು ತುಂಡು ದಾರಿಗೆ ಸ್ಟೇಜ್ ಅನ್ನುತ್ತಾರೆ. ಎಲ್ಲ ಸ್ಟೇಜ್ ಸೇರಿದರೆ ಒಂದು ರ‍್ಯಾಲಿಗೆ ಸುಮಾರು 300 ಕಿಲೋಮೀಟರ್. ಮುಂಚೆ ಎರಡು ಸಲ ನಿಧಾನಕ್ಕೆ ಹೋಗಿ ಪ್ರತಿ ತಿರುವನ್ನೂ ಬರೆದುಕೊಂಡಿರುತ್ತಾರೆ. ಓಡಿಸುವಾಗ ಪಕ್ಕದ ಸೀಟಿನ ಕೋ-ಡ್ರೈವರ್ ಅದನ್ನು ಓದುತ್ತಾ ಹೋಗುತ್ತಾರೆ, ಡ್ರೈವರ್ ಕಣ್ಣಿಗೆ ಕಾಣದ ತಿರುವಿಗೆ ಆ ಮಾತು ನಂಬಿ ಕಾರು ಎಸೆಯುತ್ತಾರೆ. ಒಂದು ಸ್ಟೇಜ್‌ನಿಂದ ಇನ್ನೊಂದಕ್ಕೆ ಹೋಗುವಾಗ ಅದೇ ಕಾರು ನಂಬರ್ ಪ್ಲೇಟ್ ಹಾಕಿಕೊಂಡು ಸಾಮಾನ್ಯ ಟ್ರಾಫಿಕ್‌ನಲ್ಲಿ ಸಿಗ್ನಲ್‌ಗೆ ನಿಲ್ಲುತ್ತದೆ. ಬೇರೆ ಯಾವ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದನ್ನು ನೋಡುತ್ತೀರಿ ಹೇಳಿ.

ಈಗಿನ ಸ್ಥಿತಿಗೆ ಬರುತ್ತೇನೆ. 2025ರ ಸೀಸನ್‌ನಲ್ಲಿ 14 ರ‍್ಯಾಲಿಗಳಿದ್ದವು. ಜನವರಿಯ ಮಾಂಟೆ ಕಾರ್ಲೊ ಹಿಮದಿಂದ ಹಿಡಿದು ಕೀನ್ಯಾದ ಸಫಾರಿ, ಫಿನ್‌ಲ್ಯಾಂಡ್, ಜಪಾನ್ ದಾಟಿ ಕೊನೆಗೆ ಸೌದಿ ಅರೇಬಿಯಾದ ಮರಳು ಮತ್ತು ಕಲ್ಲು. ಪರಾಗ್ವೆ, ಸೌದಿ, ಕ್ಯಾನರಿ ದ್ವೀಪಗಳು ಮೂರೂ ಹೊಸ ಸೇರ್ಪಡೆ. ಅಂದರೆ ಆಟ ಭೂಗೋಳದಲ್ಲಿ ಕುಗ್ಗಿಲ್ಲ, ಹಿಗ್ಗಿದೆ.

ಚಾಂಪಿಯನ್‌ಷಿಪ್ ಕೊನೆಯ ರ‍್ಯಾಲಿಯವರೆಗೂ ಎಳೆಯಿತು. ಟೊಯೋಟಾ ತಂಡದ ಸೆಬಾಸ್ಟಿಯನ್ ಓಜಿಯೆ ಅದೇ ತಂಡದ ಎಲ್ಫಿನ್ ಇವಾನ್ಸ್ ಅವರನ್ನು ಬರೀ 4 ಪಾಯಿಂಟ್‌ನಿಂದ ಸೋಲಿಸಿದರು. ಅದು ಓಜಿಯೆಗೆ ಒಂಬತ್ತನೇ ಪಟ್ಟ. 2004ರಿಂದ 2012ರವರೆಗೆ ಸತತ ಒಂಬತ್ತು ಗೆದ್ದಿದ್ದ ಸೆಬಾಸ್ಟಿಯನ್ ಲೋಬ್ ಜೊತೆ ಸರಿಸಮ. ಓಜಿಯೆ ಎಲ್ಲ 14 ರ‍್ಯಾಲಿಗೂ ಹೋಗಿರಲಿಲ್ಲ ಅನ್ನುವುದು ಇನ್ನೂ ದೊಡ್ಡ ವಿಷಯ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಪಾಯಿಂಟ್ಸ್‌ನಲ್ಲಿ ಮುಂದಿರುವವರು ಮೊದಲ ದಿನ ಎಲ್ಲರಿಗಿಂತ ಮುಂಚೆ ಹೋಗಬೇಕು. ಮಣ್ಣಿನ ದಾರಿಯಲ್ಲಿ ಮೇಲಿನ ಸಡಿಲ ಜಲ್ಲಿ ಸರಿಸುವುದು ಅವರ ಟೈರ್‌ಗಳೇ. ಹಿಂದೆ ಬರುವವರಿಗೆ ಹಿಡಿತ ಸಿಗುತ್ತದೆ. ಇವಾನ್ಸ್ ವರ್ಷದ ಬಹುಭಾಗ ಹೀಗೆ ಬೇರೆಯವರಿಗೆ ದಾರಿ ಗುಡಿಸಿದರು. ಐದು ಸಲ ಎರಡನೇ ಸ್ಥಾನ ಬಂದ ಮನುಷ್ಯ ಅವರು. ನನಗೆ ಆ ದಿನ ನಿಜಕ್ಕೂ ಸಂಕಟ ಆಯಿತು.

ಈ ಪೈಪೋಟಿ ಎಷ್ಟು ಚೆನ್ನಾಗಿದ್ದರೂ ಅದು ನಡೆದಿದ್ದು ಒಂದೇ ಮನೆಯೊಳಗೆ. 14ರಲ್ಲಿ 12 ರ‍್ಯಾಲಿ ಗೆದ್ದಿದ್ದು ಟೊಯೋಟಾ. ಹ್ಯುಂಡೈಗೆ ಸಿಕ್ಕಿದ್ದು ಎರಡು. ಫಿನ್‌ಲ್ಯಾಂಡ್‌ನಲ್ಲಂತೂ ಮೊದಲ ಐದು ಸ್ಥಾನವೂ ಟೊಯೋಟಾದ್ದೇ. ಮೂರನೇ ತಂಡ ಎಂ-ಸ್ಪೋರ್ಟ್. ಫೋರ್ಡ್ ಪ್ಯೂಮಾ ಓಡಿಸುವ ಇಂಗ್ಲೆಂಡಿನ ಖಾಸಗಿ ಕಂಪನಿ ಅದು. ಫೋಕ್ಸ್‌ವ್ಯಾಗನ್ 2016ರ ಕೊನೆಗೆ ಹೋಯಿತು, ಸಿಟ್ರೋನ್ 2019ರ ಕೊನೆಗೆ. ಸಿಟ್ರೋನ್ ಜಾಗಕ್ಕೆ ಯಾರೂ ಬಂದಿಲ್ಲ. 2000ದಲ್ಲಿ ಪೂಜೋ, ಫೋರ್ಡ್, ಸುಬಾರು, ಮಿತ್ಸುಬಿಷಿ, ಸಿಯಾಟ್, ಸ್ಕೋಡಾ, ಹ್ಯುಂಡೈ ಅಂತ ಏಳು ಕಂಪನಿಗಳಿದ್ದವು. ನಿಮ್ಮ ಅನುಮಾನ ಹುಟ್ಟಿದ್ದು ಈ ಲೆಕ್ಕದಿಂದಲೇ ಅಲ್ವಾ? ಅದು ನ್ಯಾಯವಾದ ಅನುಮಾನ.

ಯಾಕೆ ಹೀಗಾಯಿತು? 2022ರಲ್ಲಿ ರ‍್ಯಾಲಿ1 ಅನ್ನುವ ಹೊಸ ಕ್ಲಾಸ್ ತಂದರು. 1.6 ಲೀಟರ್ ಟರ್ಬೊ ಎಂಜಿನ್, ಜೊತೆಗೆ 100 ಕಿಲೋವ್ಯಾಟ್‌ನ ಹೈಬ್ರಿಡ್ ಮೋಟರ್. ಎರಡೂ ಸೇರಿ 500 ಹಾರ್ಸ್‌ಪವರ್ ದಾಟುತ್ತಿತ್ತು. ಹೈಬ್ರಿಡ್ ಹಾಕಿದರೆ ಹೊಸ ಕಂಪನಿಗಳು ಬರುತ್ತವೆ ಅನ್ನುವುದು ಲೆಕ್ಕಾಚಾರ. ಒಂದೂ ಬರಲಿಲ್ಲ. ಖರ್ಚು ಮಾತ್ರ ಏರಿತು. ಎಲ್ಲ ತಂಡಕ್ಕೂ ಒಂದೇ ಕಡೆಯಿಂದ ಬರುವ ಸೀಲ್ ಮಾಡಿದ ಯೂನಿಟ್, ಕೆಟ್ಟರೆ ಮೆಕ್ಯಾನಿಕ್‌ಗಳು ಬಿಚ್ಚುವಂತಿಲ್ಲ. ಗ್ಯಾರೇಜ್ ನಡೆಸುವ ನನಗೆ ಅದು ಮೊದಲಿನಿಂದಲೂ ಹಿಡಿಸಿರಲಿಲ್ಲ. ಸರ್ವಿಸ್ ಪಾರ್ಕ್‌ನಲ್ಲಿ, ಅಂದರೆ ಸ್ಟೇಜ್‌ಗಳ ಮಧ್ಯೆ ಕಾರು ರಿಪೇರಿ ಮಾಡುವ ಜಾಗದಲ್ಲಿ, ಹತ್ತು-ಹದಿನೈದು ನಿಮಿಷದಲ್ಲಿ ಗೇರ್‌ಬಾಕ್ಸ್ ಇಳಿಸಿ ಏರಿಸುವುದನ್ನು ನೋಡಿದವರಿಗೆ ಗೊತ್ತು, ಆ ಕೈಕೆಲಸವೂ ಈ ಆಟದ ಭಾಗ. 2025ಕ್ಕೆ ಹೈಬ್ರಿಡ್ ತೆಗೆದರು. ಕಾರಿನ ಕನಿಷ್ಠ ತೂಕ 1,260ರಿಂದ 1,180 ಕೆಜಿಗೆ ಇಳಿಯಿತು.

ರ‍್ಯಾಲಿ1ರಿಂದ ಬಂದ ಒಳ್ಳೆಯದನ್ನೂ ಹೇಳಲೇಬೇಕು. ಅದರ ಉಕ್ಕಿನ ಕೊಳವೆಗಳ ಚೌಕಟ್ಟು. 2022ರ ಮಾಂಟೆ ಕಾರ್ಲೊದಲ್ಲಿ ಅಡ್ರಿಯನ್ ಫೋರ್ಮೊ ಅವರ ಪ್ಯೂಮಾ ದಾರಿ ಬಿಟ್ಟು ಉರುಳುತ್ತಾ ಕೆಳಗೆ ಬಿತ್ತು. ಕಾರು ಗುರುತು ಸಿಗದ ಹಾಗಾಗಿತ್ತು. ಒಳಗಿದ್ದ ಇಬ್ಬರೂ ಎದ್ದು ಬಂದರು. 1986ರಲ್ಲಿ ಇದೇ ಆಟ ಏನೇನು ಕಳೆದುಕೊಂಡಿತ್ತು ನೋಡಿ. ಗ್ರೂಪ್ ಬಿ ಅನ್ನುವ ಭಾರೀ ಶಕ್ತಿಯ ಕಾರುಗಳ ಕಾಲ ಅದು. ಪೋರ್ಚುಗಲ್‌ನಲ್ಲಿ ಕಾರು ಜನರ ಮೇಲೆ ನುಗ್ಗಿತು, ಪ್ರೇಕ್ಷಕರು ಸತ್ತರು. ಎರಡು ತಿಂಗಳಲ್ಲಿ ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಕೋ-ಡ್ರೈವರ್ ಸರ್ಜಿಯೊ ಕ್ರೆಸ್ಟೊ ಬೆಂಕಿಯಲ್ಲಿ ಹೋದರು. 1987ಕ್ಕೆ ಗ್ರೂಪ್ ಬಿ ನಿಂತಿತು. ಆಗಲೂ ರ‍್ಯಾಲಿ ಮುಗಿಯಿತು ಅಂದವರಿದ್ದರು. ಅದಾದ ಮೇಲೆ ಬಂದ ಗ್ರೂಪ್ ಎ ಕಾಲದಲ್ಲೇ ಲಾನ್ಸಿಯಾ ಡೆಲ್ಟಾ, ಸುಬಾರು ಇಂಪ್ರೆಝಾ, ಮಿತ್ಸುಬಿಷಿ ಲ್ಯಾನ್ಸರ್ ಇವೊ ಬಂದವು. ರ‍್ಯಾಲಿಗೆ ಇಳಿಸಬೇಕಾದರೆ ಅದೇ ಕಾರನ್ನು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಮಾರಬೇಕಿತ್ತು. ಹಾಗಾಗಿ ಜನ ಅವುಗಳನ್ನು ಶೋರೂಮಿನಿಂದ ಕೊಂಡು ಮನೆಗೆ ತರಬಹುದಿತ್ತು.

ಈಗ 2027. ವಿಶ್ವ ಮೋಟರ್‌ಸ್ಪೋರ್ಟ್ ಸಂಸ್ಥೆ ಎಫ್‌ಐಎ ಒಪ್ಪಿರುವ ನಿಯಮದ ತಿರುಳು ಹಣ. ಈಗಿನ ರ‍್ಯಾಲಿ1 ಕಾರಿಗೆ ಹತ್ತಿರ ಹತ್ತಿರ ಹತ್ತು ಲಕ್ಷ ಯೂರೊ ಬೀಳುತ್ತದೆ ಅನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಹೊಸ ಕಾರಿಗೆ ಮಿತಿ 3,45,000 ಯೂರೊ. ನಮ್ಮ ಲೆಕ್ಕದಲ್ಲಿ ಮೂರೂವರೆ ಕೋಟಿ ರೂಪಾಯಿ ಆಸುಪಾಸು. ಶಕ್ತಿ ಸುಮಾರು 300 ಹಾರ್ಸ್‌ಪವರ್. ಸುರಕ್ಷತೆಯ ಕೊಳವೆ ಚೌಕಟ್ಟು ಉಳಿಯುತ್ತದೆ. ಬಹಳಷ್ಟು ಭಾಗಗಳು ಕೆಳಗಿನ ರ‍್ಯಾಲಿ2 ಕ್ಲಾಸ್‌ನವೇ. ರ‍್ಯಾಲಿ2 ಕಾರುಗಳೂ ಇವುಗಳ ಜೊತೆ ಗೆಲುವಿಗೆ ಸೆಣಸಬಹುದು. ಚೌಕಟ್ಟಿನ ಮೇಲೆ ಹ್ಯಾಚ್‌ಬ್ಯಾಕ್ ಆಕಾರ ಕೂರಿಸಿ, ಸೆಡಾನ್ ಕೂರಿಸಿ, ಎಸ್‌ಯುವಿ ಕೂರಿಸಿ, ನಿಮ್ಮಿಷ್ಟ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಬೇರೆ. ದೊಡ್ಡ ಕಾರು ಕಂಪನಿ ಅಲ್ಲದವರೂ ಕಾರು ಕಟ್ಟಿ ತರಬಹುದು. ಬೆಲ್ಜಿಯಂನಲ್ಲಿ ಪ್ರಾಜೆಕ್ಟ್ ರ‍್ಯಾಲಿ ಒನ್ ಅನ್ನುವ ಖಾಸಗಿ ತಂಡ ಆಗಲೇ ಮುಂದೆ ಬಂದಿದೆ.

ಸ್ಪೀಡ್ ಕಡಿಮೆಯಾದರೆ ಯಾರು ನೋಡುತ್ತಾರೆ ಅಂತ ಹಳೆಯ ಅಭಿಮಾನಿಗಳು ಬೇಜಾರು ಮಾಡಿಕೊಂಡಿದ್ದಾರೆ. ನಾನು ಒಪ್ಪುವುದಿಲ್ಲ. 2025ರ ಫಿನ್‌ಲ್ಯಾಂಡ್ ರ‍್ಯಾಲಿಯನ್ನು ಕಾಲೆ ರೊವನ್‌ಪೆರಾ ಗೆದ್ದಿದ್ದು ಗಂಟೆಗೆ ಸುಮಾರು 130 ಕಿಲೋಮೀಟರ್ ಸರಾಸರಿಯಲ್ಲಿ. ಟಾಪ್ ಸ್ಪೀಡ್ ಅಲ್ಲ, ಸರಾಸರಿ. ಅದೂ ಎರಡೂ ಕಡೆ ಮರಗಳಿರುವ ಕಾಡಿನ ಮಣ್ಣು ದಾರಿಯಲ್ಲಿ. ಇದಕ್ಕಿಂತ ವೇಗ ಯಾರಿಗೂ ಬೇಕಾಗಿಲ್ಲ. ಶಕ್ತಿ ಸ್ವಲ್ಪ ಕಡಿಮೆ ಇರುವ ಕಾರಿನಲ್ಲಿ ಡ್ರೈವರ್ ವೇಗವನ್ನು ಉಳಿಸಿಕೊಂಡು ತಿರುವಿಗೆ ಇಳಿಯಬೇಕು. ತಪ್ಪಿದರೆ ಎಂಜಿನ್ ಬಂದು ಕಾಪಾಡುವುದಿಲ್ಲ. ಅಲ್ಲಿ ಕೈಚಳಕ ಜಾಸ್ತಿ ಕಾಣುತ್ತದೆ.

ಬಾಗಿಲು ಅಗಲ ಆದರೆ ಏನಾಗುತ್ತದೆ ಅನ್ನುವುದಕ್ಕೆ 2025ರ ಜುಲೈಯ ಎಸ್ಟೋನಿಯಾ ನೋಡಿ. ಆಲಿವರ್ ಸೋಲ್‌ಬರ್ಗ್ ಆಗ ಎರಡನೇ ದರ್ಜೆಯ ಡಬ್ಲ್ಯುಆರ್‌ಸಿ2ರಲ್ಲಿ ರ‍್ಯಾಲಿ2 ಕಾರು ಓಡಿಸುತ್ತಿದ್ದ ಹುಡುಗ. 2003ರ ಚಾಂಪಿಯನ್ ಪೆಟ್ಟರ್ ಸೋಲ್‌ಬರ್ಗ್ ಮಗ. ಒಂದೇ ರ‍್ಯಾಲಿಗೆ ಅಂತ ಟೊಯೋಟಾ ಮೇಲಿನ ಕಾರು ಕೊಟ್ಟಿತು. ಆ ಕಾರಿನಲ್ಲಿ ಮೊದಲ ರ‍್ಯಾಲಿ, ಗೆದ್ದೇಬಿಟ್ಟರು. ಅವರ ಥರ ಕೆಳಗಿನ ಕ್ಲಾಸ್‌ನಲ್ಲಿ ಕಾಯುತ್ತಿರುವವರು ಇನ್ನೂ ಇದ್ದಾರೆ. ಎಂ-ಸ್ಪೋರ್ಟ್‌ನದೂ ಇದೇ ಪಾಠ. ಓಜಿಯೆ 2017, 2018ರಲ್ಲಿ ಚಾಂಪಿಯನ್ ಆಗಿದ್ದು ಈ ಖಾಸಗಿ ತಂಡದ ಫಿಯೆಸ್ಟಾದಲ್ಲಿ. 2022ರಲ್ಲಿ 47 ವಯಸ್ಸಿನ ಲೋಬ್ ಮಾಂಟೆ ಕಾರ್ಲೊ ಗೆದ್ದಿದ್ದು ಇವರ ಪ್ಯೂಮಾದಲ್ಲಿ. ಕಾರು ಕಂಪನಿಗಳಿಗೆ ರ‍್ಯಾಲಿ ಒಂದು ಜಾಹೀರಾತು ಖರ್ಚು. ಬೋರ್ಡ್ ಮೀಟಿಂಗ್‌ನಲ್ಲಿ ಬೇಡ ಅಂದ ದಿನ ಹೊರಟುಬಿಡುತ್ತಾರೆ. ಎಂ-ಸ್ಪೋರ್ಟ್ ಅಂಥವರಿಗೆ ಇದೇ ಹೊಟ್ಟೆಪಾಡು. ಚಾಂಪಿಯನ್‌ಷಿಪ್ ಇವರನ್ನು ನೆಚ್ಚಿಕೊಂಡು ನಿಲ್ಲಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಆತಂಕ ಇಲ್ಲ ಅಂತಲ್ಲ. ರೊವನ್‌ಪೆರಾ 22ನೇ ವಯಸ್ಸಿಗೆ ಚಾಂಪಿಯನ್ ಆದವರು, ಎಲ್ಲರಿಗಿಂತ ಚಿಕ್ಕವರು. ಎರಡು ಪಟ್ಟ ಗೆದ್ದು, 2025 ಮುಗಿಯುತ್ತಲೇ ಜಪಾನಿನ ಸರ್ಕ್ಯೂಟ್ ರೇಸಿಂಗ್ ಕಡೆ ಹೊರಟರು. 2019ರ ಚಾಂಪಿಯನ್ ಓಟ್ ತಾನಕ್ ಕೂಡ ಬಿಡುವು ತೆಗೆದುಕೊಂಡರು. ಇಂಥವರನ್ನು ಒಟ್ಟಿಗೆ ಕಳೆದುಕೊಳ್ಳುವುದು ಸಣ್ಣ ನಷ್ಟ ಅಲ್ಲ. ಎಲೆಕ್ಟ್ರಿಕ್ ಕಾರು ಬರುತ್ತದಾ? ಸದ್ಯಕ್ಕೆ ಎಂಜಿನ್ನೇ ಇರುತ್ತದೆ, 2022ರಿಂದ ಪೆಟ್ರೋಲ್ ಬದಲು ಪಳೆಯುಳಿಕೆ ಮೂಲ ಅಲ್ಲದ ಇಂಧನ ಬಳಸುತ್ತಿದ್ದಾರೆ. ನನಗೆ ಅದು ಸಾಕು.

ಹಾಗಾಗಿ 2027ರವರೆಗೆ ಕಾಯಬೇಡಿ. ಹಳೆಯ ಕಾರುಗಳ ಕೊನೆಯ ದಿನಗಳನ್ನೂ ಹೊಸದರ ಮೊದಲ ದಿನಗಳನ್ನೂ ಒಟ್ಟಿಗೆ ನೋಡುವ ಅವಕಾಶ ಇದು. ರ‍್ಯಾಲಿ ಟಿವಿ ಅನ್ನುವ ಆನ್‌ಲೈನ್ ಸೇವೆಯಲ್ಲಿ ಎಲ್ಲ ಸ್ಟೇಜ್ ಲೈವ್ ಬರುತ್ತದೆ, ಅದಕ್ಕೆ ದುಡ್ಡು ಕೊಡಬೇಕು. ಯೂಟ್ಯೂಬ್‌ನಲ್ಲಿ ದಿನದ ಸಾರಾಂಶ ಸುಮ್ನೆ ಸಿಗುತ್ತದೆ. ಯುರೋಪಿನ ರ‍್ಯಾಲಿಗಳು ನಮಗೆ ಮಧ್ಯಾಹ್ನದಿಂದ ರಾತ್ರಿಯವರೆಗೆ ಬರುವುದರಿಂದ ಕೆಲಸ ಮುಗಿಸಿ ನೋಡಬಹುದು. ಮೊದಲು ಕಾರಿನ ಒಳಗಿನ ಕ್ಯಾಮೆರಾ ನೋಡಿ. ಡ್ರೈವರ್ ಮುಖಕ್ಕಿಂತ ಕೋ-ಡ್ರೈವರ್ ಕೈ ಗಮನಿಸಿ. ಕಾರು ಗಾಳಿಯಲ್ಲಿರುವಾಗಲೂ ಪುಟ ತಿರುವುತ್ತಿರುತ್ತಾರೆ.

ಭಾರತಕ್ಕೆ ಡಬ್ಲ್ಯುಆರ್‌ಸಿ ಬರುತ್ತದಾ? ಸದ್ಯಕ್ಕೆ ನನಗೆ ಕಾಣುತ್ತಿಲ್ಲ. ಮುನ್ನೂರು ಕಿಲೋಮೀಟರ್ ದಾರಿ ಬಂದ್ ಮಾಡಬೇಕು, ಉದ್ದಕ್ಕೂ ತರಬೇತಾದ ಮಾರ್ಷಲ್‌ಗಳು ನಿಲ್ಲಬೇಕು, ಹೆಲಿಕಾಪ್ಟರ್, ವೈದ್ಯರು ಸಿದ್ಧ ಇರಬೇಕು. ಸರ್ಕಾರ ಜೊತೆಗೆ ನಿಲ್ಲದೆ ಆಗುವ ಕೆಲಸ ಅಲ್ಲ. ದಾರಿಗಳೇನೋ ಇವೆ. ನಮ್ಮ ಎರೆ ಸೀಮೆ ಬಿಡಿ, ಮಳೆ ಬಿದ್ದರೆ ಟ್ರ್ಯಾಕ್ಟರೇ ಹೂತುಹೋಗುತ್ತದೆ. ಕಲಘಟಗಿ, ಹಳಿಯಾಳ ಕಡೆಯ ಗರಸು ದಾರಿಗಳಲ್ಲಿ ಹೋಗುವಾಗ ಮಾತ್ರ ಇಲ್ಲೊಂದು ಸ್ಟೇಜ್ ಆಗಬಹುದಿತ್ತು ಅಂತ ಪ್ರತಿ ಸಲವೂ ಅನಿಸುತ್ತದೆ. ನಮ್ಮವರಲ್ಲೂ ತಾಕತ್ತು ಇದೆ. ಗೌರವ್ ಗಿಲ್ 2013, 2016, 2017ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟರ್‌ಸ್ಪೋರ್ಟ್ ಆಟಗಾರ. ಎಂಆರ್‌ಎಫ್ ಟೈರ್ ತಂಡದ ಸ್ಪೇನ್ ಡ್ರೈವರ್ ಎಫ್ರೆನ್ ಯಾರೆನಾ 2022ರಲ್ಲಿ ಯುರೋಪಿಯನ್ ಚಾಂಪಿಯನ್ ಆದರು. ನಮ್ಮ ಟೈರ್ ಕಂಪನಿ ಯುರೋಪಿನವರ ಅಂಗಳದಲ್ಲಿ ಗೆದ್ದಿದ್ದು ಅದು. 2027ರ ಅಗ್ಗದ ಕಾರು ಬಂದರೆ ನಮ್ಮ ದೇಶದ ಡ್ರೈವರ್‌ಗೂ ಮೇಲಿನ ಕ್ಲಾಸ್ ಸ್ವಲ್ಪ ಹತ್ತಿರ ಆಗುತ್ತದೆ.

ಅಲ್ಲಿಯವರೆಗೆ ಕಣ್ಣಾರೆ ನೋಡಬೇಕೆಂದರೆ ಚಿಕ್ಕಮಗಳೂರಿಗೆ ಹೋಗಿ. ಕಾಫಿ ತೋಟದ ದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆಯುತ್ತದೆ. ಹುಬ್ಬಳ್ಳಿಯಿಂದ ಐದಾರು ತಾಸಿನ ದಾರಿ, ಗದಗದಿಂದ ಇನ್ನೊಂದು ತಾಸು ಸೇರಿಸಿ. ಸ್ಟೇಜ್ ಬಂದ್ ಆಗುವ ಮುಂಚೆಯೇ ಒಳಗೆ ಹೋಗಿ ಜಾಗ ಹಿಡಿಯಬೇಕು. ತಿರುವಿನ ಹೊರಬದಿಗೆ ಯಾವತ್ತೂ ನಿಲ್ಲಬೇಡಿ, ಕಾರು ಹಿಡಿತ ತಪ್ಪಿದರೆ ಬರುವುದು ಅಲ್ಲಿಗೇ. ದಾರಿಗಿಂತ ಎತ್ತರದ ದಿಬ್ಬ ನೋಡಿಕೊಳ್ಳಿ, ಟೇಪ್ ದಾಟಬೇಡಿ, ಮಾರ್ಷಲ್ ಸೀಟಿ ಊದಿದರೆ ಮೊಬೈಲ್ ಇಳಿಸಿ ಹಿಂದೆ ಸರಿಯಿರಿ. ಒಂದು ಕಾರು ಹೋದ ಮೇಲೆ ದಾರಿ ದಾಟುವ ಆಸೆ ಬೇಡ, ಮುಂದಿನದು ಎರಡೇ ನಿಮಿಷದಲ್ಲಿ ಬರುತ್ತದೆ.